ಕಾಫಿ ಗಿಡಕ್ಕೆ ಮುಖ ತೊಳೆಸಿದ್ದು

ಓದಿದವರೂ ಓದದವರೂ ಒಂದೇ ಚಪ್ಪರದ ಕೆಳಗೆ ಕೆಲಸಕ್ಕೆ ನಿಂತರೆ ವಾರಕ್ಕೊಂದು ಎಡವಟ್ಟು ಹುಟ್ಟದೆ ಇರೋದಿಲ್ಲ. ನಡೆಯೋ ಹೊತ್ತಿಗೆ ಯಾರಿಗೂ ನಗು ಬರೋದಿಲ್ಲ, ಕೈಕಾಲು ತಣ್ಣಗಾಗಿರುತ್ತೆ. ನಗು ಬರೋಕೆ ವರ್ಷಗಳು ಬೇಕು. ನನಗೆ ಈಗೀಗ ಬರ್ತಿದೆ.

ಸರ್ಜಾಪುರದ ಹಾದಿಯಲ್ಲಿ ವಿಶ್ವವಿದ್ಯಾಲಯದವರ ಒಂದು ತೋಟವಿತ್ತು. ಆಗ ಆ ಕಡೆಯೆಲ್ಲ ರಾಗಿ ಹೊಲ, ನೀಲಗಿರಿ ತೋಪು, ಅಲ್ಲೊಂದು ಇಲ್ಲೊಂದು ಇಟ್ಟಿಗೆ ಗೂಡು. ತೋಟದ ಮೂಲೆಯಲ್ಲಿ ಬಲೆ ಹೊದಿಸಿದ ಒಂದು ಉದ್ದನೆ ಶೆಡ್ಡು. ಅದರೊಳಗೆ ಪ್ಲಾಸ್ಟಿಕ್ ಚೀಲಗಳಲ್ಲಿ ಕಾಫಿ ಸಸಿಗಳು. ಅವನ್ನು ನೋಡಿಕೊಳ್ಳೋಕೆ ನಾವು ಎಂಟು ಜನ ಹೆಂಗಸರು.

ಅದಕ್ಕೆ ಮೊದಲು ನಾನು ಜಿಗಣಿ ಕಡೆ ಜಲ್ಲಿ ಒಡೀತಿದ್ದೆ. ಎಡಗೈ ಹೆಬ್ಬೆರಳಿನ ಉಗುರು ಸುತ್ತಿಗೆಗೆ ಸಿಕ್ಕಿ ಎರಡು ಸಲ ಬಿದ್ದು ಎರಡು ಸಲ ಹುಟ್ಟಿತ್ತು. ನಮ್ಮ ಯಜಮಾನರು ಕಲ್ಲಿನ ಧೂಳು ಕುಡಿದು ಎದೆ ಕೆಟ್ಟು ಮನೆ ಹಿಡಿದಿದ್ದರು. ಶೆಡ್ಡಿನ ಕೆಲಸ ಸಿಕ್ಕಿದ ದಿನ ನಾನು ಸುತ್ತಿಗೆಯನ್ನು ಅಟ್ಟದ ಮೇಲೆ ಎಸೆದೆ. ಶೆಡ್ಡು ಮುಚ್ಚಿದರೆ ಅದನ್ನು ಕೆಳಗಿಳಿಸಬೇಕು, ಅಷ್ಟೇ ಲೆಕ್ಕ.

೧. ಊರಾಚೆ ಆಸ್ಪತ್ರೆ

ಸರ್ಜಾಪುರಕ್ಕೂ ಕಾಫಿಗೂ ಏನು ನೆಂಟಸ್ತನ ಅಂತ ಎಲ್ಲರೂ ಕೇಳೋರು. ತೋಟ ನಡೆಸೋ ಪ್ರೊಫೆಸರ್ರು ಮೊದಲ ದಿನವೇ ನಮ್ಮನ್ನು ಕೂರಿಸಿ ಹೇಳಿದ್ದರು. "ನೋಡ್ರಮ್ಮ, ಕಾಫಿ ಎಲೆಗೆ ತುಕ್ಕು ರೋಗ ಅಂತ ಬರುತ್ತೆ. ತೋಟಕ್ಕೆ ತೋಟವೇ ಬೋಳಾಗುತ್ತೆ. ಅದಕ್ಕೆ ಬಗ್ಗದ ಗಿಡ ಯಾವುದು ಅಂತ ನಾವೂ ಹೊರಗಿನ ನಾಲ್ಕು ದೇಶದವರೂ ಸೇರಿ ಹುಡುಕ್ತಿದೀವಿ. ಕಾಫಿ ಸೀಮೆಯಲ್ಲೇ ಹುಡುಕಿದ್ರೆ ರೋಗ ಪಕ್ಕದ ತೋಟಕ್ಕೆ ಹಾರುತ್ತೆ. ಇಲ್ಲಿ ಸುತ್ತಮುತ್ತ ಒಂದು ಕಾಫಿ ಗಿಡವೂ ಇಲ್ಲ."

ನನಗೆ ತಿಳಿದದ್ದು ಇಷ್ಟು. ಹಿಂದೆ ಮೈಮೇಲೆ ಅಮ್ಮ ಎದ್ದವರನ್ನು ಊರಾಚೆ ಗುಡಿಸಲಲ್ಲಿ ಇಡ್ತಿದ್ದರಲ್ಲ, ಅಂಥದ್ದೇ ಇದು. ಗೇಟಿನ ಹತ್ತಿರ ಬಂದು ಇಣುಕಿದ ಒಬ್ಬ ಮುದುಕಪ್ಪನಿಗೂ ನಾನು ಅದನ್ನೇ ಹೇಳಿದೆ.

"ಒಳಗೇನವ್ವ ಅದು?"

"ಗಿಡದ ಆಸ್ಪತ್ರೆ ಕಣಣ್ಣ."

ಮರುದಿನ ಆತ ಒಂದು ನಿಂಬೆ ಸಸಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಜ್ವರದ ಮಗುವಿನ ಹಾಗೆ ಹೆಗಲ ಮೇಲೆ ಹಾಕಿಕೊಂಡು ಬಂದ. ಪ್ರೊಫೆಸರ್ರು ಒಳ್ಳೆಯವರು. ಕೂತು ಬೇರು ನೋಡಿದರು, ಎಲೆ ನೋಡಿದರು. "ನೀರು ಜಾಸ್ತಿ ಆಗಿದೆ, ಅಷ್ಟೇ. ತಗೊಂಡು ಹೋಗಿ" ಅಂದರು. ಮುದುಕಪ್ಪ ಕದಲಲಿಲ್ಲ.

"ಇನ್ನೇನಪ್ಪ?"

"ಚೀಟಿ ಬರ್ಕೊಡಿ ಸ್ವಾಮಿ. ಸರ್ಕಾರಿ ಆಸ್ಪತ್ರೆ ಅಂದ್ಮೇಲೆ ಚೀಟಿ ಇಲ್ದೆ ಎಂಗೆ?"

ಅವರು ಬರೆದುಕೊಟ್ಟರು: ಮೂರು ದಿನಕ್ಕೊಂದು ಚೊಂಬು ನೀರು. ಅದೇ ತಪ್ಪಾಯಿತು. ಮುಂದಿನ ವಾರ ಗೇಟಿನ ಮುಂದೆ ಏಳು ಜನ ಸಾಲಾಗಿ ಕೂತಿದ್ದರು, ಬದನೆ, ಕರಿಬೇವು, ಹೀರೆ ಬಳ್ಳಿ ಹಿಡಿದುಕೊಂಡು. ಕೊನೆಯಲ್ಲಿದ್ದ ಹೆಂಗಸಿನ ಕೈಯಲ್ಲಿ ಮಾತ್ರ ಏನೂ ಇರಲಿಲ್ಲ.

"ನಿಮ್ಮ ಗಿಡ ಎಲ್ಲಮ್ಮ?" ಅಂತ ಕೇಳಿದರು ಪ್ರೊಫೆಸರ್ರು.

"ತೆಂಗಿನ ಮರ ಸಾರ್. ಅದು ಬರೋ ಸ್ಥಿತಿಯಲ್ಲಿಲ್ಲ, ನೀವೇ ಬರಬೇಕು" ಅಂದಳು.

೨. ನಾಲ್ಕು ದೇಶದ ನೀರು

ನಾಲ್ಕು ದೇಶವನ್ನೂ ಕೂಡಿಸಿ ನಡೆಸೋ ಜವಾಬ್ದಾರಿ ನಮ್ಮ ಪ್ರೊಫೆಸರ್ರದ್ದು. ದೊಡ್ಡ ಹುದ್ದೆ ಅನ್ನೋರು. ನನ್ನ ಕಣ್ಣಿಗೆ ಅದು ನಾಲ್ಕು ಜನ ಓರಗಿತ್ತಿಯರಿರೋ ಮನೆಯಲ್ಲಿ ಅತ್ತೆ ಮಾಡೋ ಕೆಲಸದ ಹಾಗೇ ಕಂಡಿತು.

ಸಸಿಗೆ ನೀರು ಯಾವಾಗ ಹಾಕೋದು ಅನ್ನೋದರ ಮೇಲೆ ಕಾಗದ ಬಂದವು. ಒಂದು ದೇಶದವರು ಬೆಳಿಗ್ಗೆ ಅಂದರು. ಇನ್ನೊಬ್ಬರು ಸಂಜೆ ಅಂದರು. ಮೂರನೆಯವರು ದಿನ ಬಿಟ್ಟು ದಿನ. ನಾಲ್ಕನೆಯವರು, ಎಲೆ ಬಾಡಿ ಜೋತುಬೀಳೋವರೆಗೂ ಕೊಡಲೇಬೇಡಿ ಅಂದರು. ಪ್ರೊಫೆಸರ್ರು ನಾಲ್ಕನ್ನೂ ಶೆಡ್ಡಿನ ಕಂಬಕ್ಕೆ ಮೊಳೆ ಹೊಡೆದು, ದಿನಾ ಬೆಳಿಗ್ಗೆ ಅದರ ಮುಂದೆ ದೇವರ ಮುಂದೆ ನಿಂತ ಹಾಗೆ ನಿಲ್ಲೋರು.

"ಯಾರ ಮಾತು ಕೇಳೋದು ಸಾರ್?" ಅಂದೆ. ಬಿಸಿಲು ಏರ್ತಿತ್ತು, ನನ್ನ ಕೈಯಲ್ಲಿ ತುಂಬಿದ ಬಿಂದಿಗೆ.

"ಅದೇ ನೋಡ್ತಿದೀನಮ್ಮ."

ಟ್ರಂಕ್ ಕಾಲ್ ಬುಕ್ ಮಾಡಿದರು. ಅರ್ಧ ದಿನ ಕಾದ ಮೇಲೆ ಲೈನು ಸಿಕ್ಕಿತು, ಆಚೆಯವರಿಗೆ ಕೇಳಿಸಲಿಲ್ಲ. ಇವರು ಗಂಟಲು ಹರಿಯೋ ಹಾಗೆ "ವಾಟರ್, ವಾಟರ್" ಅಂತ ಕೂಗಿದರು. ಹೊರಗೆ ಕೂತಿದ್ದ ಜವಾನ ಮರುಕಪಟ್ಟು ಒಂದು ಲೋಟ ನೀರು ತಂದು ಮುಂದಿಟ್ಟ.

ಕೊನೆಗೆ ನನ್ನನ್ನೇ ಕೇಳಿದರು. "ನಿಮ್ಮ ಮನೆ ತುಳಸಿಗೆ ಹೇಗೆ ಹಾಕ್ತೀರಿ?"

"ಮಣ್ಣು ಮುಟ್ಟಿ ನೋಡ್ತೀವಿ ಸಾರ್. ಬೆರಳಿಗೆ ಅಂಟಿದ್ರೆ ಸುಮ್ನಾಗ್ತೀವಿ, ಉದುರಿದ್ರೆ ಹಾಕ್ತೀವಿ."

"ಹಾಗೇ ಹಾಕಿ."

ಆಮೇಲೆ ನಾಲ್ಕು ದೇಶಕ್ಕೂ ಒಂದೇ ಕಾಗದ ಬರೆದರು: ತಮ್ಮ ಸಲಹೆ ತಲುಪಿತು, ಗಿಡಗಳು ಚೆನ್ನಾಗಿವೆ. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ನಾಲ್ಕು ಕಡೆಯಿಂದಲೂ ಉತ್ತರ ಬಂತು. ನಮ್ಮ ಕ್ರಮದಿಂದ ಗಿಡ ಚೆನ್ನಾಗಿ ಬಂದಿರೋದು ಸಂತೋಷ, ದಯವಿಟ್ಟು ಮಿಕ್ಕ ಮೂವರಿಗೂ ಇದನ್ನೇ ಕಲಿಸಿ ಅಂತ.

೩. ಮೊದಲ ಲೋಟ

ಒಂದು ದಿನ ಪ್ರೊಫೆಸರ್ರು ನಮ್ಮೆಂಟು ಜನರನ್ನೂ ಕರೆದರು. ಮುಖ ಗಂಭೀರವಾಗಿತ್ತು.

"ಹೊರದೇಶದಿಂದ ಇಬ್ಬರು ಬರ್ತಿದಾರೆ. ನಾವು ಮಾಡಿರೋದನ್ನ ನೋಡಿ ಅವರು ಒಪ್ಪಿದ್ರೆ ಈ ಶೆಡ್ಡು ಇನ್ನೂ ಐದು ವರ್ಷ ಇರುತ್ತೆ. ಒಪ್ಪದಿದ್ರೆ ಬೇಸಿಗೆ ಒಳಗೆ ಮುಚ್ಚಬೇಕು."

ನಾನು ನನ್ನ ಹೆಬ್ಬೆರಳು ನೋಡಿಕೊಂಡೆ.

ಭಯ ಕಡಿಮೆ ಮಾಡೋಣ ಅಂತಲೋ ಏನೋ, ಅವರು ಅಂದರು, "ನಿಮ್ಮನ್ನೂ ಏನಾದ್ರೂ ಕೇಳಬಹುದು. ಕಾಫಿ ಇಷ್ಟಾನಾ ಅಂತ ಕೇಳಿದ್ರೆ ಏನು ಹೇಳ್ತೀರಿ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎಂಟರಲ್ಲಿ ಒಬ್ಬಳೂ ಕಾಫಿ ಕುಡಿದವಳಲ್ಲ. ಬೆಳಿಗ್ಗೆ ಅಂಬಲಿ, ಸಂತೆಗೆ ಹೋದರೆ ಟೀ. ವರ್ಷಗಟ್ಟಲೆ ಕಾಫಿ ಗಿಡಕ್ಕೆ ನೀರು ಹಾಕಿದ್ದೆವು, ಅದರ ರುಚಿ ಏನು ಅಂತ ಗೊತ್ತಿರಲಿಲ್ಲ. ಪ್ರೊಫೆಸರ್ರಿಗೆ ನಾಚಿಕೆಯಾಯಿತು. ನಮಗಲ್ಲ, ಅವರಿಗೆ.

ಮಾರನೇ ದಿನ ಅವರ ಮನೆಯಾಕೆ ಕೈಯಾರೆ ಮಾಡಿದ ಕಾಫಿ ದೊಡ್ಡ ಫ್ಲಾಸ್ಕಿನಲ್ಲಿ ಬಂತು. ಒಬ್ಬೊಬ್ಬರಿಗೂ ಲೋಟದಲ್ಲಿ ಬಗ್ಗಿಸಿ ಕೊಟ್ಟರು. ದೊಡ್ಡ ಮನೆಯವರು ಕೊಟ್ಟದ್ದು, ಉಗುಳೋ ಹಾಗಿಲ್ಲ. ಕಣ್ಣು ಮುಚ್ಚಿ ನುಂಗಿದೆವು. ಕಷಾಯಕ್ಕೆ ಸಕ್ಕರೆ ಹಾಕಿದ ಹಾಗಿತ್ತು.

ನನ್ನ ಪಕ್ಕದ ಸಾಲು ನೋಡಿಕೊಳ್ಳೋ ಜೊತೆಗಾತಿಗೆ ಬಾಯಿ ನಿಲ್ಲೋದಿಲ್ಲ. ಲೋಟ ಕೆಳಗಿಟ್ಟು ಕೇಳಿದಳು, "ಸಾರ್, ಇದು ರೋಗ ಬಂದಿರೋ ಗಿಡದ್ದಾ, ಬರ್ದೇ ಇರೋದಾ?"

"ಬರ್ದೇ ಇರೋದು ಕಣಮ್ಮ. ಒಳ್ಳೇ ಕಾಫಿ."

ಅವಳು ಲೋಟವನ್ನೇ ಸ್ವಲ್ಪ ಹೊತ್ತು ನೋಡಿದಳು. "ಅಂಗಾದ್ರೆ ರೋಗ ಬಂದಿರೋದು ಎಂಗಿರ್ಬೋದು, ಸಿವನೇ" ಅಂದಳು.

೪. ಮುಖ ತೊಳೆಸಿದ್ದು

ಅತಿಥಿಗಳು ಸೋಮವಾರ ಬರೋರಿದ್ದರು. ಶನಿವಾರ ಪ್ರೊಫೆಸರ್ರು "ಶೆಡ್ಡು ಚೊಕ್ಕಟವಾಗಿರಲಿ" ಅಂತ ಹೇಳಿ ಹೋದರು. ಗುಡಿಸಿದೆವು, ಅಂಚಿಗೆ ಸುಣ್ಣ ಬಳಿದೆವು. ಆದರೂ ಮನೆಗೆ ಬಂದ ಮೇಲೆ ನನಗೆ ಅನ್ನ ಸೇರಲಿಲ್ಲ. ಸಸಿಗಳು ಕಣ್ಣ ಮುಂದೆ ಬಂದವು. ಎಷ್ಟೋ ಗಿಡದಲ್ಲಿ ಎಲೆ ಮಗುಚಿದರೆ ಕೆಳಗೆಲ್ಲ ಕಿತ್ತಳೆ ಬಣ್ಣದ ಪುಡಿ, ಅರಿಸಿನಕ್ಕೆ ಕುಂಕುಮ ಬೆರೆಸಿ ಚೆಲ್ಲಿದ ಹಾಗೆ. ಹೆಣ್ಣು ನೋಡೋಕೆ ಬರ್ತಾರೆ ಅಂದರೆ, ಹುಡುಗಿಗೆ ಜ್ವರ ಇದ್ದರೂ ಮುಖ ತೊಳೆಸಿ ತಲೆ ಬಾಚಿ ಕೂರಿಸ್ತೀವಿ. ಇವನ್ನು ಹೀಗೇ ತೋರಿಸೋದಾ?

ಭಾನುವಾರ ರಜ. ಯಾರೂ ಹೇಳದಿದ್ದರೂ ನಾನು, ಜೊತೆಗಾತಿ ಇಬ್ಬರೂ ಹೋದೆವು. ಅವಳು ಬಕೆಟ್ಟಿನಲ್ಲಿ ನೀರು ತಂದು ಕೊಟ್ಟಳು, ನಾನು ಬಟ್ಟೆ ಅದ್ದಿ ಅದ್ದಿ ಒಂದೊಂದು ಎಲೆಯನ್ನೂ ಮಗುಚಿ ಒರೆಸಿದೆ. ಪುಡಿ ಇದ್ದ ಗಿಡ, ಇಲ್ಲದ ಗಿಡ ಅಂತ ಭೇದ ಮಾಡಲಿಲ್ಲ. ಒಂದು ಮಗುವಿಗೆ ತೊಳೆಸಿ ಇನ್ನೊಂದನ್ನು ಬಿಡೋಕೆ ಆಗುತ್ತಾ? ಹೊತ್ತು ಮುಳುಗೋ ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು. ಆದರೂ ಬಾಗಿಲಿಗೆ ಒಂದು ರಂಗೋಲಿ ಹಾಕಿ ಮನೆಗೆ ಹೋದೆ.

ಸೋಮವಾರ ಒಬ್ಬ ಉದ್ದನೆ ಸಾಹೇಬರು, ಒಬ್ಬ ಕನ್ನಡಕದ ಮೇಡಂ ಬಂದರು. ಪ್ರೊಫೆಸರ್ರು ಹೆಮ್ಮೆಯಿಂದ ಒಂದು ಎಲೆ ಮಗುಚಿದರು. ಇನ್ನೊಂದು ಮಗುಚಿದರು. ಹತ್ತು ಎಲೆ ಮಗುಚಿದರು. ಸಾಹೇಬರು ಜೇಬಿನಿಂದ ಭೂತಗನ್ನಡಿ ತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡರು. ಅಲ್ಲಲ್ಲಿ ಹಳದಿ ಮಚ್ಚೆ ಬಿಟ್ಟರೆ ಎಲೆಗಳು ಫಳಫಳ ಅಂತಿದ್ದವು.

ಪ್ರೊಫೆಸರ್ರು ನನ್ನ ಹತ್ತಿರ ಬಂದರು. "ಇಲ್ಲಿದ್ದ ಪುಡಿ ಎಲ್ಲಮ್ಮ?"

"ಒರೆಸಿದ್ವಿ ಸಾರ್. ಒಂದು ಎಲೆನೂ ಬಿಟ್ಟಿಲ್ಲ."

ಅವರು ಅಲ್ಲೇ ಬೋರಲು ಹಾಕಿದ್ದ ಕುಂಡದ ಮೇಲೆ ಕೂತುಬಿಟ್ಟರು.

"ಆ ಪುಡಿನೇ ರೋಗ. ಯಾವ ಗಿಡದಲ್ಲಿ ಪುಡಿ ಉಕ್ಕುತ್ತೆ, ಯಾವುದರಲ್ಲಿ ಉಕ್ಕಲ್ಲ, ಅದೇ ನಮ್ಮ ಪರೀಕ್ಷೆ. ಇವರು ಸಮುದ್ರ ದಾಟಿ ಬಂದಿದ್ದು ಅದನ್ನ ನೋಡೋಕೆ. ಬಾಗಿಲು ಹಾಕ್ಕೊಂಡು ಕುಂಚದಲ್ಲಿ ಹಚ್ಚಿ ಬರಿಸಿದ್ದು ನಾನೇ."

"ರೋಗಾನ ನೀವೇ ಬರಿಸಿದ್ದಾ?"

"ಹೂಂ."

"ಒಂದು ಮಾತು ಹೇಳ್ಬಾರ್ದಿತ್ತಾ ಸಾರ್."

"ನಾಲ್ಕು ದೇಶಕ್ಕೆ ಹೇಳಿದೆ. ಇಲ್ಲಿ ಹೇಳೋದು ಮರೆತೆ" ಅಂದರು.

ಗಾಳಿಗೆ ಹಾರಿಹೋಯ್ತು ಅಂತ ಏನಾದರೂ ಒಂದು ನೆಪ ಹೇಳಬಹುದಿತ್ತು. ಅವರು ಹೇಳಲಿಲ್ಲ. ಎದ್ದು ಹೋಗಿ ಅತಿಥಿಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ತಪ್ಪು ನನ್ನದು ಅಂದರು ಅಂತ ಆಮೇಲೆ ಗೊತ್ತಾಯಿತು. ಅತಿಥಿಗಳು ಚಿಕ್ಕಮಗಳೂರಿನ ತೋಟಗಳನ್ನು ನೋಡೋಕೆ ಹೊರಟವರು. ವಿಮಾನ ಹತ್ತೋಕೆ ಒಂದು ತಿಂಗಳ ಮೇಲೆ ಈ ಕಡೆಗೇ ವಾಪಸು ಬರಬೇಕು. ಆಗ ಇನ್ನೊಂದು ಸಲ ನೋಡಿ ತೀರ್ಮಾನ ಹೇಳ್ತೀವಿ ಅಂದರು.

"ಇವತ್ತು ಏನಂದ್ರು ಸಾರ್?" ಅಂತ ಕೇಳಿದೆ.

"ರಂಗೋಲಿ ಚೆನ್ನಾಗಿದೆ ಅಂದ್ರು" ಅಂದರು ಪ್ರೊಫೆಸರ್ರು. ಆವತ್ತು ಅತಿಥಿಗಳು ತಮ್ಮ ಪುಸ್ತಕದಲ್ಲಿ ಬರೆದುಕೊಂಡದ್ದೂ ಅದೊಂದೇ ಅಂತೆ.

೫. ಬಟ್ಟೆಯ ವಿಚಾರ

ಮನೆಯಲ್ಲಿ ವಿಷಯ ಹೇಳಿದೆ. ನಮ್ಮ ಯಜಮಾನರು ಬೈಯಲಿಲ್ಲ. ಕೆಮ್ಮುತ್ತ ಅಟ್ಟ ಹತ್ತಿ ಸುತ್ತಿಗೆ ಇಳಿಸಿ, ಅದಕ್ಕೆ ಮರದ ಹೊಸ ಕಾವು ಹಾಕಿ ಬಾಗಿಲ ಮೂಲೆಗೆ ಒರಗಿಸಿಟ್ಟರು. ಅದನ್ನು ದಾಟಿಕೊಂಡೇ ದಿನಾ ಕೆಲಸಕ್ಕೆ ಹೋಗ್ತಿದ್ದೆ.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಎಲೆ ಮಗುಚಿದರೆ ಹೊಸ ಹಳದಿ ಚುಕ್ಕೆ. ನಾಲ್ಕೈದು ದಿನಕ್ಕೆ ಅದರ ಮೇಲೆ ಕಿತ್ತಳೆ ಪುಡಿ ಉಕ್ಕಿತು. ಒಂದೆರಡು ಎಲೆಯಲ್ಲಲ್ಲ. ರೋಗಕ್ಕೆ ಬಗ್ಗೋ ಜಾತಿಯ ಗಿಡ ಎಷ್ಟಿದ್ದವೋ ಅಷ್ಟಕ್ಕೂ, ತುದಿಯಿಂದ ಬುಡದವರೆಗೆ, ಸಮನಾಗಿ. ಬಗ್ಗದ ಗಿಡದಲ್ಲಿ ಒಂದು ಚುಕ್ಕೆಯೂ ಇಲ್ಲ. ಆ ರೋಗದ ಪುಡಿ ಮೊಳೆಯಬೇಕಾದರೆ ಎಲೆ ಒದ್ದೆಯಾಗಬೇಕಂತೆ. ನಾನು ಪುಡಿಯನ್ನು ಗಿಡದಿಂದ ಗಿಡಕ್ಕೆ ಹಂಚಿದ್ದೂ ಅಲ್ಲದೆ ನೀರನ್ನೂ ಕುಡಿಸಿದ್ದೆ. ಪ್ರೊಫೆಸರ್ರು ಕುಂಚದಲ್ಲಿ ಹಚ್ಚಿದಾಗ ಒಂದು ಎಲೆಗೆ ರೋಗ ಬಂದರೆ ಪಕ್ಕದ ಎಲೆಗೆ ಬರ್ತಿರಲಿಲ್ಲ. ಈ ಪರೀಕ್ಷೆ ನಂಬೋ ಹಾಗಿಲ್ಲ ಅಂತ ಹೊರದೇಶದವರು ಎಷ್ಟೋ ದಿನದಿಂದ ಗೊಣಗ್ತಿದ್ದರಂತೆ.

ಅತಿಥಿಗಳು ವಾಪಸು ಬಂದರು. ಒಂದೊಂದು ಗಿಡದ ಮುಂದೂ ಕೂತು ನೋಡಿದರು. ಉದ್ದನೆ ಸಾಹೇಬರು ಏನೋ ತುಂಬ ಹೊತ್ತು ಮಾತಾಡಿದರು. ಪ್ರೊಫೆಸರ್ರು ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಪಂಚೆ ಅಂಚಿನಿಂದ ಒರೆಸಿದರು. ನಮ್ಮ ಕಡೆ ತಿರುಗಿ ಐದು ಬೆರಳು ತೋರಿಸಿದರು. ಐದು ವರ್ಷ. ಸಂಜೆ ಮನೆಗೆ ಬಂದು ನಾನು ಮಾತಾಡದೆ ಸುತ್ತಿಗೆ ಎತ್ತಿಕೊಂಡು ಅಟ್ಟ ಹತ್ತಿದೆ. ಯಜಮಾನರಿಗೆ ಅಷ್ಟರಲ್ಲೇ ಅರ್ಥವಾಯಿತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸ್ವಲ್ಪ ದಿನಕ್ಕೆ ಇನ್ನೊಂದು ಕಾಗದ ಬಂತು. ಮಿಕ್ಕ ದೇಶದವರೂ ಇನ್ನು ಮೇಲೆ ಹೀಗೇ ಒರೆಸಿ ರೋಗ ಬರಿಸ್ತಾರಂತೆ. ಎಲ್ಲ ಕಡೆಯೂ ಒಂದೇ ರೀತಿ ಆಗಬೇಕು, ಬಟ್ಟೆ ಎಂಥದ್ದು ಅಂತ ಕೂಲಂಕಷವಾಗಿ ತಿಳಿಸಿ ಅಂತ. ಪ್ರೊಫೆಸರ್ರು ಹಾಳೆ, ಪೆನ್ನು ಹಿಡಿದು ನನ್ನ ಮುಂದೆ ಬಂದು ನಿಂತರು.

"ಏನು ಬಟ್ಟೆ ಅಮ್ಮ ಅದು?"

ನಾನು ನೆಲ ನೋಡಿದೆ. ಜೊತೆಗಾತಿ ಸೆರಗು ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿದಳು.

"ಹತ್ತೀದು ಸಾರ್."

"ಹತ್ತಿ. ಹೊಸದಾ, ಹಳೇದಾ?"

"ಹಳೇದು. ಒಗೆದೂ ಒಗೆದೂ ಮೆತ್ತಗಾಗಿತ್ತು."

"ಅದು ಮುಖ್ಯ" ಅಂತ ಬರೆದುಕೊಂಡರು. "ಬಣ್ಣ?"

"ನೀಲಿ ಬಿಳಿ. ಪಟ್ಟೆ ಪಟ್ಟೆ."

"ಆಕಾರ ಹೇಗಿತ್ತು? ಚೌಕವಾ, ಉದ್ದಕ್ಕಾ?"

ಗೋಡೆ ಕಡೆಯಿಂದ ಜೊತೆಗಾತಿ ಅಂದಳು, "ಎರಡು ಕಾಲಿತ್ತು ಸಾರ್. ಅವರ ಯಜಮಾನ್ರುದು."

ಪೆನ್ನು ನಿಂತಿತು. ಪ್ರೊಫೆಸರ್ರು ಹಾಳೆ ನೋಡಿದರು, ನನ್ನನ್ನು ನೋಡಿದರು, ಸಾಲುಸಾಲಾಗಿ ನಿಂತ ಸಸಿಗಳನ್ನು ನೋಡಿದರು. ಆಮೇಲೆ, ಪರೀಕ್ಷೆಯ ಕೊಠಡಿಯಲ್ಲಿ ಕೇಳೋ ಹಾಗೆ, ಒಂದು ಚೂರೂ ನಗದೆ ಕೇಳಿದರು.

"ಲಾಡಿ ತೆಗೆದಿದ್ರಾ?"

"ತೆಗೆದಿದ್ದೆ ಸಾರ್."

ಅದನ್ನೂ ಬರೆದುಕೊಂಡರು.