ಕಿಟಕಿ ನಾಲ್ಕರ ಅಧಿಕಾರಿಗಳಿಗೆ, ಎಡಗಿವಿಯೊಂದೇ ಉಳಿದವನ ಅಹವಾಲು

ವಿಮಾನ ನಿಲ್ದಾಣದ ಆಗಮನ ವಿಭಾಗದಲ್ಲಿ, ನಾಲ್ಕನೆಯ ಕಿಟಕಿಯ ಹಿಂದೆ, ಒಂದೇ ಕಡೆಗೆ ತಿರುಗುವ ಕುರ್ಚಿಯ ಮೇಲೆ ವಿರಾಜಮಾನರಾಗಿರುವ ಮಾನ್ಯರೇ,

ತಮಗೂ, ತಮ್ಮ ಮೊಹರಿಗೂ, ಮೊಹರಿನ ಪಕ್ಕದ ಶಾಯಿ ಡಬ್ಬಿಗೂ, ಕಳೆದ ಮಂಗಳವಾರ ಬೆಳಿಗ್ಗೆ ಆರೂವರೆಯಿಂದ ಮಧ್ಯಾಹ್ನದವರೆಗೆ ತಮ್ಮೆದುರಿನ ಕಬ್ಬಿಣದ ಬೆಂಚಿನ ಮೇಲೆ ಕುಳಿತಿದ್ದವನ ಅನಂತ ನಮಸ್ಕಾರಗಳು. ಇದನ್ನು ಬಹಿರಂಗ ಪತ್ರವಾಗಿ ಬರೆಯುತ್ತಿರುವುದಕ್ಕೆ ತಾವು ಬೇಸರಿಸಬಾರದು. ಲಕೋಟೆಯಲ್ಲಿಟ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸೋಣವೆಂದು ಹೋಗಿದ್ದೆ; ಕಳಿಸುವವರ ಗುರುತಿನ ಪುರಾವೆ ಬೇಕೆಂದರು. ಹಾಗಾಗಿ ಊರಿಗೆಲ್ಲ ಓದಿಸಿ ತಮಗೂ ಮುಟ್ಟಿಸುವ ದಾರಿ ಹಿಡಿದಿದ್ದೇನೆ.

ತಮ್ಮ ಕಡತಕ್ಕೆ ಅನುಕೂಲವಾಗಲೆಂದು ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಹನ್ನೊಂದು ವರ್ಷ ನಾನು ಪರದೇಶದ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದೆ. ಯಂತ್ರಕ್ಕೆ ಹಾಕುವ ಮುನ್ನ ಅತಿಥಿಗಳ ಬಟ್ಟೆಯ ಜೇಬು ನೋಡುವುದೇ ನನ್ನ ಉದ್ಯೋಗ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟುಗಳನ್ನು, ಬಿಚ್ಚಿಟ್ಟುಕೊಂಡ ಮದುವೆಯುಂಗುರಗಳನ್ನು, ಒಮ್ಮೆ ಯಾವುದೋ ಮಗು ಮಲಗಿಸಿದ್ದ ಜೀವಂತ ಆಮೆಮರಿಯನ್ನೂ ಈ ಕೈಗಳು ಕಾಪಾಡಿವೆ. ಜೊತೆಯವರು ನನ್ನನ್ನು ಜೇಬಣ್ಣ ಎಂದೇ ಕರೆಯುತ್ತಿದ್ದರು. ಇಂಥ ಜೇಬಣ್ಣ, ಅಕ್ಕನ ಮದುವೆಗೆಂದು ಬಿಳಿ ಹತ್ತಿ ಕೋಟು ಕೊಂಡು, ಹೊರಡುವ ದಿನ ಮರೆಯಬಾರದೆಂದು ಪಾಸ್‌ಪೋರ್ಟನ್ನು ಅದರ ಒಳಜೇಬಿನಲ್ಲಿಟ್ಟ. ಮಾರನೆಯ ದಿನ ತೋಳಿನ ಮೇಲೆ ಚಹಾ ಚೆಲ್ಲಿತು. ನಮ್ಮದೇ ಯಂತ್ರವಲ್ಲವೇ ಎಂದು ಹಾಸಿಗೆ ಹೊದಿಕೆಗಳ ಜೊತೆ ಕೋಟನ್ನೂ ಹಾಕಿದೆ. ಪರರ ಜೇಬು ತಡಕದೆ ಬಿಡದ ಕೈಗೆ ಸ್ವಂತ ಜೇಬು ತಡಕುವ ಅಭ್ಯಾಸವೇ ಇರಲಿಲ್ಲ. ಕುದಿಯುವ ನೀರು, ಬಿಳುಪಿನ ಪುಡಿ, ಮುಕ್ಕಾಲು ಗಂಟೆ. ಚಹಾದ ಕಲೆ ಹೋಯಿತು. ಅದರ ಜೊತೆಗೆ ನನ್ನ ಹೆಸರು, ಹುಟ್ಟಿದ ದಿನ, ತಂದೆತಾಯಿ, ಎಲ್ಲವೂ ಹೋಗಿ, ಫೋಟೋದಲ್ಲಿ ಎಡಗಿವಿಯೊಂದು ಮಾತ್ರ ಉಳಿಯಿತು.

ಅಲ್ಲಿನ ನಮ್ಮ ರಾಯಭಾರ ಕಚೇರಿಯ ಗುಮಾಸ್ತರು ದೊಡ್ಡ ಮನಸ್ಸು ಮಾಡಿ, ಒಂದೇ ಸಲಕ್ಕೆ, ಒಂದೇ ದಿಕ್ಕಿಗೆ ಸಲ್ಲುವ ಪ್ರಯಾಣ ಪತ್ರವೊಂದನ್ನು ಕೊಟ್ಟರು. ಅದರಲ್ಲಿ ‘ಹಳೆಯ ಪಾಸ್‌ಪೋರ್ಟ್ ಸಂಖ್ಯೆ’ ಎಂಬ ಜಾಗದಲ್ಲಿ, ಸತ್ಯಸಂಧರಾದ ಅವರು, ‘ತೊಳೆದುಹೋಗಿದೆ’ ಎಂದು ಬರೆದರು. ತಮ್ಮ ಕಂಪ್ಯೂಟರೋ, ಆ ಜಾಗದಲ್ಲಿ ಅಂಕಿಗಳನ್ನಲ್ಲದೆ ಅಕ್ಷರಗಳನ್ನು ಮುಟ್ಟದಷ್ಟು ಮಡಿವಂತ. ವಿಚಾರಿಸಲು ತಾವು ರಾಯಭಾರ ಕಚೇರಿಗೆ ಫೋನು ಮಾಡಿದಿರಿ. ಅಂದು ಅಲ್ಲಿ ರಜೆ. ಏಳು ಸಲ ಮಾಡಿದಿರಿ. ಏಳು ಸಲವೂ ಅಲ್ಲಿ ರಜೆಯೇ ಆಗಿತ್ತು.

ಆ ದಿನವೇ ಮಧ್ಯಾಹ್ನ ಹನ್ನೆರಡೂವರೆಗೆ ನೋಂದಣಿ ಕಚೇರಿಯಲ್ಲಿ ನನ್ನ ಅಕ್ಕನ ಮದುವೆಯೆಂದು ನಾನು ತಮಗೆ ಬಿನ್ನವಿಸಿಕೊಂಡಿದ್ದೆ. ಅಕ್ಕ ಬಸ್ ಡಿಪೋದಲ್ಲಿ ಗುಮಾಸ್ತೆ, ವಯಸ್ಸು ನಲವತ್ತಾರು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಮೊದಲು ನನ್ನ ಓದು ಮುಗಿಯಲಿ ಎಂದಳು, ಆಮೇಲೆ ನನಗೊಂದು ಕೆಲಸ ಸಿಗಲಿ ಎಂದಳು, ಆಮೇಲೆ ನಾನು ಊರಿಗೆ ಬರಲಿ ಎಂದಳು. ಗಡಿಯಾರ ರಿಪೇರಿ ಮಾಡುವ ನಮ್ಮ ಭಾವ ಒಂಬತ್ತು ವರ್ಷದಿಂದ ಕಾದಿದ್ದಾರೆ. ಕಾಲವನ್ನು ಕೈಯಲ್ಲಿ ಹಿಡಿದು ಕೂರುವುದು ಅವರಿಗೆ ವೃತ್ತಿಯಿಂದಲೇ ಬಂದ ಗುಣ. ಫೋನಿನಲ್ಲಿ ಅಕ್ಕ ಹೇಳಿದ್ದಳು: “ನೀನು ಪಕ್ಕದಲ್ಲಿ ನಿಂತು ಸಾಕ್ಷಿ ಹಾಕಬೇಕು. ಈ ಸಲವೂ ಮುಂದೆ ಹೋದ್ರೆ ನಾನು ಇನ್ನು ಈ ಮಾತೇ ಎತ್ತಲ್ಲ, ನೋಡು.” ಅವಳು ಆಡಿದ ಮಾತಿಗೆ ತಪ್ಪುವವಳಲ್ಲ.

ಆದರೂ ತಾವು ನನ್ನನ್ನು ಅರಿತುಕೊಳ್ಳಲು ಪಟ್ಟ ಶ್ರಮವನ್ನು ಕೊಂಡಾಡದೆ ಇರಲಾರೆ. ತಾವು ನನ್ನ ತೊಳೆದ ಪಾಸ್‌ಪೋರ್ಟಿನ ಬಿಳಿ ಪುಟವನ್ನು ದೀಪಕ್ಕೆ ಹಿಡಿದು, “ಏನ್ರೀ ಇದು, ಇದರಲ್ಲಿ ಏನೂ ಇಲ್ವಲ್ಲ” ಎಂದಿರಿ. ಆಮೇಲೆ ಉಳಿದ ಕಿವಿಯನ್ನು ಭೂತಗನ್ನಡಿಯಲ್ಲಿ ನೋಡಿ, ನನ್ನ ಕಿವಿಯನ್ನೂ ನೋಡಿ, ಹೋಲುತ್ತದೆ, ಆದರೆ ಕಿವಿಗಳೆಲ್ಲ ಹೀಗೇ ಇರುತ್ತವೆ ಎಂದು ತೀರ್ಪಿತ್ತಿರಿ. ಹುಟ್ಟಿದಾಗಿನಿಂದ ನನ್ನ ಕಿವಿಗೆ ಇಷ್ಟು ಗಮನ ಕೊಟ್ಟವರು ನನ್ನ ಗಣಿತದ ಮೇಷ್ಟರ ನಂತರ ತಾವೇ.

ಬಳಿಕ ಊರಿನ ಬಗ್ಗೆ ಪ್ರಶ್ನೆ ಕೇಳಿದಿರಿ. ದೊಡ್ಡ ಆಸ್ಪತ್ರೆಗೆ ಯಾವ ಬಸ್ಸು ಎಂದಿರಿ, ಹದಿನೇಳು ಎಂದೆ. ತಪ್ಪು, ಈಗ ಅದು ನಲವತ್ತೆರಡು. ಅಂಚೆ ಕಚೇರಿ ಎಲ್ಲಿ ಎಂದಿರಿ. ಗಡಿಯಾರದ ಗೋಪುರದ ಎದುರು ಎಂದೆ. ತಪ್ಪು, ಗೋಪುರ ಕೆಡವಿ ಆರು ವರ್ಷವಾಯಿತು. ಮಾನ್ಯರೇ, ಆ ಗೋಪುರದ ಕೆಳಗೆ ನಿಂತು ನಾನು ಡಿಪೋದಿಂದ ಬರುವ ಅಕ್ಕನಿಗಾಗಿ ದಿನಾ ಸಂಜೆ ಕಾಯುತ್ತಿದ್ದೆ. ಅದು ಇಲ್ಲವೆಂಬ ಸುದ್ದಿ ನನಗೆ ಮೊದಲು ತಿಳಿದದ್ದು ತಮ್ಮ ಬಾಯಿಂದ, ತಪ್ಪು ಉತ್ತರವಾಗಿ. ತುಂಬ ಬೇಜಾರಾಯಿತು. ನಿನ್ನೆ ಮೊನ್ನೆ ನಕ್ಷೆ ಕೊಂಡ ಪ್ರವಾಸಿಯೊಬ್ಬ ತಮ್ಮ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗುತ್ತಿದ್ದ, ಇಲ್ಲೇ ಹುಟ್ಟಿ ಬೆಳೆದ ನಾನು ಫೇಲಾದೆ.

ಕೊನೆಗೆ ರಾಷ್ಟ್ರಗೀತೆ ಹಾಡಿಸಿದಿರಿ. ನಾನು ಶುರುಮಾಡುತ್ತಲೇ ಸಭಾಂಗಣದ ಸಮಸ್ತರೂ ಎದ್ದು ನಿಂತರು. ನಡುವಿನ ಸಾಲೊಂದರಲ್ಲಿ ನಾನು ತಡವರಿಸಿದೆ. ನೆರವಿಗೆಂದು ದನಿಗೂಡಿಸಿದ ತಾವು ಅಲ್ಲೇ ತಡವರಿಸಿದಿರಿ, ಐದನೆಯ ಕಿಟಕಿಯವರು ಅಲ್ಲೇ ತಡವರಿಸಿದರು, ಸಾಮಾನು ತಪಾಸಣೆಯ ಹೆಂಗಸಂತೂ ಅಲ್ಲಿಂದ ಮುಂದೆ ಬರೀ ರಾಗ ಎಳೆದರು. ಒಂದೇ ಹಾಡನ್ನು ಒಂದೇ ಜಾಗದಲ್ಲಿ ಮರೆಯುವವರು ಒಂದೇ ದೇಶದವರಲ್ಲದೆ ಮತ್ತೇನು ಎಂಬ ನನ್ನ ವಾದವನ್ನು ತಾವು ಸಹಾನುಭೂತಿಯಿಂದ ಕೇಳಿ, “ನನಗೆ ನಿಮ್ಮ ಮೇಲೆ ನಂಬಿಕೆ ಇದೆ, ಈ ಫಾರ್ಮಿಗೆ ಇಲ್ಲ” ಎಂದಿರಿ.

ಹತ್ತು ಗಂಟೆಗೆ ಅಕ್ಕ ಬಂದಳು. ಸಂದರ್ಶಕರ ಗಾಜಿನ ಗೋಡೆಯ ಆಚೆ, ಮದುವೆ ಸೀರೆಯುಟ್ಟು, ಹೆಗಲಿಗೆ ಡಿಪೋದ ಚೀಲ ಹಾಕಿಕೊಂಡು ನಿಂತಳು. ಹನ್ನೊಂದು ವರ್ಷದಲ್ಲಿ ಅವಳ ಕೂದಲು ಅರ್ಧ ನರೆತಿತ್ತು. ಗಾಜಿನಾಚೆಗೆ ಮಾತು ಕೇಳಿಸುವುದಿಲ್ಲ. ನಾನು ತಮ್ಮ ಪೆನ್ನನ್ನೇ ಎರವಲು ಪಡೆದು, ಪಾಸ್‌ಪೋರ್ಟಿನ ಬಿಳಿ ಪುಟದಲ್ಲಿ ದಪ್ಪಕ್ಷರದಲ್ಲಿ ‘ನನ್ನ ಬಿಟ್ಟು ಮಾಡ್ಕೋ’ ಎಂದು ಬರೆದು ಗಾಜಿಗೆ ಹಿಡಿದೆ. ಅವಳು ಆಗದೆಂದು ತಲೆಯಾಡಿಸಿದಳು. ಕೆಳಗೆ ಗೆರೆ ಎಳೆದು ಮತ್ತೆ ಹಿಡಿದೆ. ಅವಳು ಅತ್ತಳು, ನಾನೂ ಅತ್ತೆ, ಆದರೆ ಜಾಗ ಬಿಟ್ಟು ಕದಲಲಿಲ್ಲ ಅವಳು. ಸರಕಾರಿ ದಾಖಲೆಯ ಮೇಲೆ ಗೀಚಿದ್ದಕ್ಕೆ ತಾವು ನನ್ನನ್ನು ಗದರಿದ್ದೂ ಸರಿಯಾಗಿಯೇ ಇತ್ತು.

ಹನ್ನೆರಡಕ್ಕೆ ತಮ್ಮ ಪಾಳಿ ಮುಗಿಯಿತು. ತಾವು ಟೋಪಿ ತೆಗೆದು, ಬೀಗ ಹಾಕಿ ಹೊರಟಿರಿ. ತಮ್ಮ ಜಾಗಕ್ಕೆ ಬಂದವರು ನನ್ನ ಪತ್ರ ನೋಡಿದರು, ಸಂಖ್ಯೆಯ ಜಾಗದಲ್ಲಿ ಒಂಬತ್ತು ಸೊನ್ನೆ ಒತ್ತಿದರು, ಕಂಪ್ಯೂಟರು ತೃಪ್ತಿಪಟ್ಟಿತು, ಮೊಹರು ಬಿತ್ತು. ಆದರೆ ಅದಕ್ಕೂ ಮೊದಲು ಅವರು ಊಟ ಮುಗಿಸಬೇಕಿತ್ತು, ಹಾಗಾಗಿ ನಾನು ಹೊರಬಿದ್ದಾಗ ಒಂದು ಗಂಟೆ. ಗಾಜಿನಾಚೆ ಅಕ್ಕ ಇರಲಿಲ್ಲ.

ಆಟೋ ಹಿಡಿದು ನೋಂದಣಿ ಕಚೇರಿಗೆ ಓಡಿದೆ. ಮೆಟ್ಟಿಲ ಮೇಲೆ ಫೋಟೋ ತೆಗೆಯುತ್ತಿದ್ದರು. ಮಧ್ಯದಲ್ಲಿ ಅಕ್ಕ, ಬಲಕ್ಕೆ ಭಾವ, ಎಡಕ್ಕೆ, ನಾನು ನಿಲ್ಲಬೇಕಾದ ಜಾಗದಲ್ಲಿ, ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ತಾವು. ಅಕ್ಕ ಆಮೇಲೆ ಹೇಳಿದಳು: ತಾವು ಹೊರಗೆ ಬಂದು, “ಅಳ್ಬೇಡಿ ಅಕ್ಕಾ, ನಡೀರಿ, ನಾನು ಸಾಕ್ಷಿ ಹಾಕ್ತೀನಿ, ನಿಮ್ಮ ತಮ್ಮ ಎಲ್ಲೂ ಓಡಿಹೋಗಲ್ಲ” ಎಂದು ತಮ್ಮ ಸ್ಕೂಟರಿನಲ್ಲೇ ಕರೆದುಕೊಂಡು ಹೋದಿರಂತೆ. ಮಾನ್ಯರೇ, ತಮಗೆ ಕೈ ಮುಗಿಯಬೇಕೋ ತಮ್ಮ ಕೊರಳಪಟ್ಟಿ ಹಿಡಿಯಬೇಕೋ ನನಗೆ ಈ ಕ್ಷಣಕ್ಕೂ ತಿಳಿದಿಲ್ಲ. ಅಕ್ಕನ ಮದುವೆ ಆಯಿತು, ನಾನು ನೋಡಲಿಲ್ಲ.

ಹಾಗಾಗಿ ತಮ್ಮಲ್ಲಿ ನನ್ನ ಕೆಲವು ಬಿನ್ನಹಗಳಿವೆ. ನನ್ನ ವಿಚಾರಣೆ ಪೂರ್ಣವಾಗುವವರೆಗಾದರೂ ಗಡಿಯಾರದ ಗೋಪುರವನ್ನು ಮತ್ತೆ ಕಟ್ಟಿಸಿಕೊಡಬೇಕು. ಹದಿನೇಳನೆಯ ಬಸ್ಸನ್ನು ನನ್ನ ಉತ್ತರಕ್ಕೆ ಸರಿಹೊಂದುವಂತೆ ಹಿಂದಕ್ಕೆ ಕರೆಸಬೇಕು. ರಾಷ್ಟ್ರಗೀತೆಯನ್ನು ನಾವೆಲ್ಲರೂ ಮರೆಯುವ ಜಾಗದಲ್ಲೇ ಮುಗಿಸುವಂತೆ ಮೇಲಿನವರಿಗೆ ಶಿಫಾರಸು ಮಾಡಬೇಕು. ಇವು ಕಷ್ಟವೆಂದು ಬಲ್ಲೆ, ಒತ್ತಾಯವಿಲ್ಲ.

ಆದರೆ ಒಂದು ಬಿನ್ನಹ ಸುಲಭದ್ದು. ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಲು ಹೋದರೆ, ನಾನು ನಾನೇ ಎಂದು ಯಾರಾದರೂ ಸರಕಾರಿ ಅಧಿಕಾರಿಗಳು ಸ್ವಹಸ್ತದಿಂದ ಬರೆದುಕೊಡಬೇಕಂತೆ. ಮದುವೆ ನೋಂದಣಿ ಪುಸ್ತಕದ ಆ ಪುಟವನ್ನು ಅಕ್ಕ ನನಗೆ ತೋರಿಸಿದಳು. ಸಾಕ್ಷಿಯ ಅಂಕಣದಲ್ಲಿ ‘ವಧುವಿನ ಪರಿಚಯ ಹೇಗೆ?’ ಎಂಬ ಪ್ರಶ್ನೆಯಿದೆ. ಅದರೆದುರು, ಐದೂವರೆ ಗಂಟೆ ನಾನು ಬೇಡಿಕೊಂಡರೂ ಬರೆಯದ ತಾವು, ದುಂಡನೆಯ ಅಕ್ಷರದಲ್ಲಿ, ಹುದ್ದೆ ಸಮೇತ ಸಹಿ ಹಾಕಿ ಬರೆದಿದ್ದೀರಿ: ‘ಈಕೆಯ ತಮ್ಮನನ್ನು ನಾನು ಬಲ್ಲೆ.’ ಅದರ ದೃಢೀಕೃತ ನಕಲೊಂದನ್ನು ದಯಪಾಲಿಸಿದರೆ ಸಾಕು.

ಇದೇ ದೇಶದಲ್ಲಿ, ಸದ್ಯಕ್ಕೆ ಬಾಯಿಮಾತಿನ ಮೇಲೆ ಬದುಕಿರುವ,
ತಮ್ಮ ವಿಶ್ವಾಸಿ,
ಜೇಬಣ್ಣ

ತಾ.ಕ.: ಬರುವ ಭಾನುವಾರ ಅಕ್ಕ ತಮ್ಮನ್ನು ಊಟಕ್ಕೆ ಕರೆದಿದ್ದಾಳೆ, ತಪ್ಪದೆ ಬರಬೇಕು. ಗುರುತಿನ ಚೀಟಿಯ ಮೂಲಪ್ರತಿ ತನ್ನಿ. ಬಾಗಿಲು ತೆಗೆಯುವವನು ನಾನು, ಮತ್ತು ಭಾನುವಾರ ನನಗೆ ರಜೆ.