ಜೋನ್ ಆಡಿಸು ಎಂದ ಭಾವನವರಿಗೆ

ಮಾನ್ಯ ಭಾವನವರೇ,

ಸೇತುವೆಯಾಚೆಯ ಬಾಲಕಿಯರ ಬ್ಯಾಸ್ಕೆಟ್‌ಬಾಲ್ ತಂಡದ ಕೋಚರೂ, ಹಗಲು ಹೊತ್ತಿನಲ್ಲಿ ಡ್ರೈವಿಂಗ್ ಸ್ಕೂಲಿನ ಮೇಷ್ಟರೂ, ನನ್ನ ಒಬ್ಬಳೇ ಅಕ್ಕನ ಏಕೈಕ ಪತಿಯೂ ಆಗಿರುವ ತಮ್ಮ ಸನ್ನಿಧಾನಕ್ಕೆ, ಸೇತುವೆಯೀಚೆಯ ತಂಡದ ಕೋಚ್ ಆಗಿಯೂ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳಾಗಿಯೂ ತಮ್ಮ ನಾದಿನಿಯಾಗಿಯೂ ಏಕಕಾಲಕ್ಕೆ ಬದುಕಬೇಕಾಗಿ ಬಂದಿರುವ ನಾನು, ಬಗ್ಗಿ ನಮಸ್ಕರಿಸಿ ಬರೆಯುತ್ತಿದ್ದೇನೆ. ತಾವು ಕ್ಷೇಮವೇ ಎಂದು ಕೇಳುವುದಿಲ್ಲ. ನಿನ್ನೆ ಸಂಜೆ ಹಾಲ್‌ನ ಕಿಟಕಿಯಿಂದ ಹೊರಬಿದ್ದ ತಮ್ಮ ದನಿ ಪಾರ್ಕಿಂಗ್ ಜಾಗದಲ್ಲಿದ್ದ ನಮಗೆಲ್ಲ ಸ್ಪಷ್ಟವಾಗಿ ಕೇಳಿಸಿತಾದ್ದರಿಂದ ತಮ್ಮ ಶ್ವಾಸಕೋಶವಂತೂ ಗಟ್ಟಿಮುಟ್ಟಾಗಿದೆ ಎಂದು ಖಾತ್ರಿಯಾಗಿದೆ.

ಮನೆಯೊಳಗಿನ ಮಾತನ್ನು ಹಾಲ್‌ನ ನೋಟಿಸ್ ಬೋರ್ಡಿಗೆ ಅಂಟಿಸಿದ್ದೇಕೆ ಎಂದು ತಾವು ಹುಬ್ಬು ಗಂಟಿಕ್ಕಬಹುದು. ಫೋನಿನಲ್ಲಿ ನಾನು ಎಷ್ಟುದ್ದ ಬರೆದರೂ ತಮ್ಮಿಂದ ಬರುವುದು ಒಂದು ಹೆಬ್ಬೆಟ್ಟಿನ ಚಿತ್ರ ಮಾತ್ರ. ಊಟದ ಮೇಜಿನ ಬಳಿ ಹೇಳೋಣವೆಂದರೆ ಅಲ್ಲಿ ಮಾತು ತಮ್ಮದು, ತಲೆಯಾಡಿಸುವುದು ನಮ್ಮದು. ಆದ್ದರಿಂದ ಕಪ್ಪು ಅಡಿಯ ಬೂಟು ನಿಷೇಧಿಸಿರುವ ನೋಟಿಸಿಗೂ, ಕಳೆದುಹೋದ ನೀರಿನ ಬಾಟಲಿಯ ನೋಟಿಸಿಗೂ ನಡುವೆ ಇದ್ದ ಖಾಲಿ ಜಾಗವನ್ನು ಕಾರ್ಯದರ್ಶಿಗಳ ಅನುಮತಿ ಪಡೆದೇ ಬಳಸಿಕೊಂಡಿದ್ದೇನೆ. ಓದುವಾಗ ಕನ್ನಡಕ ಹಾಕಿಕೊಳ್ಳಿ; ಹಾಕದೆ ಓದಿದಂತೆ ನಟಿಸುವುದು ತಮಗೆ ಅಭ್ಯಾಸವಾಗಿದೆ, ಅದು ನನ್ನ ವೃತ್ತಿಗೂ ಅವಮಾನ.

ವಿಷಯ ಗೊತ್ತಿಲ್ಲದೆ ಬೋರ್ಡಿನ ಮುಂದೆ ನಿಂತ ಇತರ ಸಜ್ಜನರಿಗಾಗಿ ಎರಡು ಮಾತು. ಈ ಭಾಗದಲ್ಲಿ ಮರದ ನೆಲವಿರುವ ಹಾಲ್ ಇರುವುದು ಇದೊಂದೇ. ಸಂಜೆಯ ಹೊತ್ತನ್ನು ಇಷ್ಟು ದಿನ ಭಾವನವರ ತಂಡವೂ ನನ್ನ ತಂಡವೂ ಹಂಚಿಕೊಂಡಿದ್ದವು. ಈ ವರ್ಷ ಬ್ಯಾಡ್ಮಿಂಟನ್‌ನವರಿಗೂ ಸಂಜೆಯೇ ಬೇಕಾಯಿತು. ಸಮಿತಿಯವರು ಬಹಳ ಯೋಚಿಸಿ, ಲೀಗ್‌ನಲ್ಲಿ ಕಟ್ಟಕಡೆಗೆ ಬರುವ ತಂಡ ತನ್ನ ಸರದಿಯನ್ನು ಬಿಟ್ಟುಕೊಟ್ಟು ಹಾಲ್‌ನ ಹಿಂದಿನ ಪಾರ್ಕಿಂಗ್ ಜಾಗದಲ್ಲಿ, ಗೋಡೆಗೆ ಬಡಿದಿರುವ ತುಕ್ಕು ಹಿಡಿದ ರಿಂಗಿನ ಕೆಳಗೆ ಅಭ್ಯಾಸ ಮಾಡತಕ್ಕದ್ದು ಎಂದು ತೀರ್ಮಾನಿಸಿದರು. ಆ ಹೊತ್ತಿಗೆ ಪಟ್ಟಿಯ ತಳದಲ್ಲಿ ಒಬ್ಬರ ಕಾಲು ಒಬ್ಬರು ಹಿಡಿದುಕೊಂಡು ತೂಗಾಡುತ್ತಿದ್ದದ್ದು ನಮ್ಮ ಎರಡೇ ತಂಡ, ಉಳಿದಿದ್ದದ್ದು ನಮ್ಮಿಬ್ಬರ ನಡುವಿನ ಪಂದ್ಯ. ಸೋತವರಿಗೆ ಸಿಮೆಂಟು ನೆಲ, ಗೆದ್ದವರಿಗೆ ಮರದ ನೆಲ, ಇಷ್ಟೇ ಕಥೆ.

ಇಂಥ ಸಂದಿಗ್ಧದಲ್ಲಿ ಎದುರಾಳಿಗಳು ಮುಖ ತಿರುಗಿಸಿಕೊಂಡು ಓಡಾಡುವುದು ಲೋಕರೂಢಿ. ತಾವು ಹಾಗಲ್ಲ. ಭಾನುವಾರ ಮಧ್ಯಾಹ್ನ ನಾನು ನಿಮ್ಮ ಮನೆಗೆ ಊಟಕ್ಕೆ ಬಂದಾಗ, ಉಪ್ಪಿನ ಡಬ್ಬಿ, ಮೆಣಸಿನಪುಡಿ ಡಬ್ಬಿ, ಎರಡು ಲೋಟ ಮತ್ತು ಅಕ್ಕನ ಮಾತ್ರೆಯ ಶೀಶೆಯನ್ನು ಮೇಜಿನ ಮೇಲೆ ಜೋಡಿಸಿ, ತಟ್ಟೆಯನ್ನೇ ರಿಂಗ್ ಮಾಡಿ, ತಾವು ನನಗೆ ಡಿಫೆನ್ಸ್‌ನ ಪಾಠ ಹೇಳಿದಿರಿ. ನಾನು ವರ್ಷವಿಡೀ ಆಡಿಸುತ್ತಿದ್ದದ್ದು ಮ್ಯಾನ್-ಟು-ಮ್ಯಾನ್, ಅಂದರೆ ನನ್ನ ಒಬ್ಬೊಬ್ಬ ಹುಡುಗಿಯೂ ಎದುರಿನ ಒಬ್ಬೊಬ್ಬಳ ಬೆನ್ನು ಬಿಡದೆ ಅಂಟಿಕೊಳ್ಳುವುದು. ತಮ್ಮದು ಜೋನ್, ಅಂದರೆ ಯಾರ ಬೆನ್ನೂ ಹತ್ತದೆ, ಒಬ್ಬೊಬ್ಬಳೂ ತನಗೆ ಕೊಟ್ಟ ಜಾಗ ಕಾಯುತ್ತ ನಿಂತು, ಅಲ್ಲಿಗೆ ಬಂದವರನ್ನು ಮಾತ್ರ ತಡೆಯುವುದು. "ನಿನ್ನ ಹುಡುಗೀರು ಗಿಡ್ಡ, ಓಡಿ ಓಡಿ ಸುಸ್ತಾಗ್ತಾರೆ, ಪಾಪ! ಸುಮ್ನೆ ಜೋನ್ ಆಡ್ಸು ಮಾರಾಯ್ತಿ, ನಂಗೇನು ಲಾಭ ಇದ್ರಲ್ಲಿ?" ಎಂದು ಮೆಣಸಿನಪುಡಿ ಡಬ್ಬಿಯನ್ನು ಪ್ರೀತಿಯಿಂದ ನನ್ನ ಕಡೆ ಸರಿಸಿದಿರಿ. ಅಕ್ಕ ಮಾತ್ರ, "ಆ ಉಪ್ಪಿನ ಡಬ್ಬಿ ಆಟ ಮುಗಿಸಿದ್ರೆ ಇತ್ಲಾಗೆ ಕೊಡ್ತೀರಾ, ಊಟ ಆರ್ತಾ ಇದೆ" ಎಂದಳು. ಆ ಮೇಜಿನಲ್ಲಿ ಆ ದಿನ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ ಎಂದು ಈಗ ಅನಿಸುತ್ತದೆ.

ತಮ್ಮಂಥ ಹೃದಯವಂತರ ಋಣ ಇಟ್ಟುಕೊಳ್ಳುವುದು ನನ್ನ ಜಾಯಮಾನವಲ್ಲ. ಅಲ್ಲಿಯೇ, ಆ ಕ್ಷಣವೇ, ನಾನೂ ತಮಗೊಂದು ಸಲಹೆ ಕೊಟ್ಟೆ. ತಮ್ಮ ಹುಡುಗಿಯರು ಉದ್ದ ಕಾಲಿನವರು, ಅಂಥವರನ್ನು ಕಂಬದ ಹಾಗೆ ನಿಲ್ಲಿಸುವುದು ಅನ್ಯಾಯ, ಮ್ಯಾನ್-ಟು-ಮ್ಯಾನ್ ಆಡಿಸಿದರೆ ಎದುರಾಳಿಗಳ ಉಸಿರೇ ನಿಲ್ಲುತ್ತದೆ ಎಂದೆ. ತಮ್ಮ ಕಣ್ಣು ಮಿನುಗಿದ್ದು ನೆನಪಿದೆ. ಮ್ಯಾನ್-ಟು-ಮ್ಯಾನ್ ಆಡುವ ನನ್ನ ಹುಡುಗಿಯರು ದಿನಾ ಅಭ್ಯಾಸದಲ್ಲಿ ತಮ್ಮತಮ್ಮಲ್ಲೇ ಆಡುವಾಗ ಅದನ್ನೇ ಮುರಿದು ಮುರಿದು ಅದರಲ್ಲಿ ಪಳಗಿದ್ದಾರೆ, ತಮ್ಮನ್ನು ಅದಕ್ಕೆ ಇಳಿಸಿದರೆ ಕಣ್ಣುಮುಚ್ಚಿ ಬುಟ್ಟಿ ಹಾಕುತ್ತಾರೆ ಎಂಬ ದುರುದ್ದೇಶ ನನಗಿತ್ತು ಎಂದು ಯಾರಾದರೂ ಹೇಳಿದರೆ, ಅವರ ಬಾಯಿ ಮುಚ್ಚಿಸುವ ಶಕ್ತಿ ನನಗಿಲ್ಲ, ಏಕೆಂದರೆ ಅದು ನಿಜ. ಆದರೆ ಜೋನ್ ಮುರಿಯುವುದರಲ್ಲಿ ತಮ್ಮ ಹುಡುಗಿಯರೂ ಅಷ್ಟೇ ಪಳಗಿದ್ದಾರೆ, ನನಗೆ ತಾವು ತೋಡಿದ ಗುಂಡಿಯೂ ಅದೇ ಅಳತೆಯದು ಎಂದು ಹೊಳೆಯದೇ ಹೋದದ್ದಕ್ಕೆ ತಮ್ಮ ಮುಖದಲ್ಲಿದ್ದ ಆ ವಾತ್ಸಲ್ಯವೇ ಕಾರಣ. ಡ್ರೈವಿಂಗ್ ಕಲಿಯುವವರನ್ನು ಗೋಡೆಯ ಕಡೆಗೆ ಬಿಟ್ಟು ಪಕ್ಕದ ಸೀಟಿನಲ್ಲಿ ನಗುತ್ತ ಕೂರುವ ತಮ್ಮ ಅನುಭವವನ್ನು ನಾನು ಕಡೆಗಣಿಸಿದ್ದೆ.

ಹೀಗೆ ಇಬ್ಬರು ಕೋಚ್‌ಗಳು ಒಬ್ಬರಿಗೊಬ್ಬರು ಟೋಪಿ ಹಾಕಿ, ಇಬ್ಬರೂ ಆ ಟೋಪಿ ತಮ್ಮ ತಲೆಗೆ ಚೆನ್ನಾಗಿ ಒಪ್ಪುತ್ತದೆಂದು ನಂಬಿ ಮನೆಗೆ ಹೋದ ಉದಾಹರಣೆ ಬೇರೆಲ್ಲೂ ಇರಲಾರದು. ಮರುದಿನದಿಂದಲೇ ನನ್ನ ಹುಡುಗಿಯರಿಗೆ ಜೋನ್ ಕಲಿಸತೊಡಗಿದೆ. ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ ಇದು ನಿನ್ನದು, ಅದು ಅವಳದು ಎಂದು ಹಂಚಿಕೊಟ್ಟೆ. ಬಾಡಿಗೆ ಮನೆ ಸಿಕ್ಕವರ ಹಾಗೆ ಅವರವರ ಜಾಗದಲ್ಲಿ ಅವರವರು ಸಂಸಾರ ಹೂಡಿಬಿಟ್ಟರು. ಚೆಂಡು ಇಬ್ಬರ ಜಾಗದ ನಡುವಿನ ಗೆರೆಯ ಮೇಲೆಯೇ ಸಾವಧಾನವಾಗಿ ನಡೆದುಕೊಂಡು ಹೋದರೂ, "ನಿಂದು ಕಣೇ", "ನಂದಲ್ಲ ಕಣೇ, ನಿಂದೇ" ಎಂದು ಪರಸ್ಪರ ಉಪಚಾರ ಮಾಡಿಕೊಂಡರು. ನಾವೆಲ್ಲ ಚೋಟು ಎಂದು ಕರೆಯುವ, ತಂಡದಲ್ಲೇ ಗಿಡ್ಡಿಯಾದ ಹುಡುಗಿ, ಮೇಡಮ್, ನನ್ನ ಜಾಗಕ್ಕೆ ಯಾರೂ ಬರ್ತಾನೇ ಇಲ್ಲ, ಬೇಜಾರಾಗ್ತಿದೆ ಎಂದು ದೂರು ಕೊಟ್ಟಳು. ಭಾವನವರ ಅನುಭವ ದೊಡ್ಡದು, ಸುಮ್ಮನಿರು ಎಂದು ಗದರಿದವಳು ನಾನೇ.

ಪಂದ್ಯದ ದಿನದ ವೈಭವವನ್ನು ಏನೆಂದು ವರ್ಣಿಸಲಿ! ನನ್ನವರು ಮೊದಲ ಸಲ ಜೋನ್ ನಿಂತರು, ತಮ್ಮವರು ಮೊದಲ ಸಲ ಬೆನ್ನು ಹತ್ತಿದರು. ನನ್ನ ಜೋನ್ ಎಂಬುದು ತಮ್ಮ ಹುಡುಗಿಯರಿಗೆ ದಿನಾ ಓಡಾಡುವ ಸ್ವಂತ ಮನೆಯ ಹಜಾರ. ತಮ್ಮ ಮ್ಯಾನ್-ಟು-ಮ್ಯಾನ್ ಎಂಬುದು ನನ್ನ ಹುಡುಗಿಯರಿಗೆ ನೀರು ಕುಡಿದಷ್ಟು ಸುಲಭ. ಆ ಕಡೆ ಒಂದು ಬಿದ್ದರೆ ಈ ಕಡೆ ಒಂದು, ಈ ಕಡೆ ಒಂದು ಬಿದ್ದರೆ ಆ ಕಡೆ ಎರಡು. ಇಡೀ ಲೀಗ್‌ನಲ್ಲಿ ಹಾಕದಷ್ಟು ಬುಟ್ಟಿಗಳನ್ನು ಎರಡೂ ತಂಡಗಳು ಅರ್ಧ ಆಟದಲ್ಲೇ ಹಾಕಿ ಮುಗಿಸಿದವು. ಅಂಕಫಲಕದ ಹಾಳೆ ತಿರುಗಿಸುವವರು ಬಲಗೈ ನೋಯುತ್ತದೆಂದು ಎಡಗೈಗೆ ಬದಲಾಯಿಸಿಕೊಂಡರು. ಸಮಿತಿಯ ಅಧ್ಯಕ್ಷರು ಎದ್ದು ನಿಂತು, ಆಹಾ, ಎಂಥ ಆಕ್ರಮಣ, ಕೋಚ್‌ಗಳೆಂದರೆ ಇವರಪ್ಪಾ ಎಂದು ಉದ್ಗರಿಸಿದ್ದು ತಮಗೂ ಕೇಳಿಸಿರಬೇಕು. ಅಂಕಣದ ಆಚೆ ತುದಿಯಲ್ಲಿ ತಮ್ಮ ಬಲಗಾಲು, ಅಲ್ಲಿ ಇಲ್ಲವೇ ಇಲ್ಲದ ಬ್ರೇಕನ್ನು ಒಂದೇ ಸಮನೆ ಒತ್ತುತ್ತಿದ್ದದ್ದನ್ನು ನಾನು ಕಂಡೆ. ಆಗ ನಮ್ಮ ಕಣ್ಣುಗಳು ಕೂಡಿದವು. ಯಾರು ಯಾರಿಗೆ ಏನು ಮಾಡಿದ್ದೇವೆಂಬುದು ಇಬ್ಬರಿಗೂ ಒಟ್ಟಿಗೇ ತಿಳಿಯಿತು.

ಇಷ್ಟಕ್ಕೇ ಬುದ್ಧಿ ಬಂದಿದ್ದರೆ ನಾವು ಕೋಚ್‌ಗಳೇ ಆಗಿರುತ್ತಿರಲಿಲ್ಲ. ವಿರಾಮದಲ್ಲಿ ನಾನು ಹಳೆಯ ಮ್ಯಾನ್-ಟು-ಮ್ಯಾನ್‌ಗೆ ಮರಳಿದೆ, ತಾವು ಹಳೆಯ ಜೋನ್‌ಗೆ ಮರಳಿದಿರಿ. ಈಗ ನನ್ನವರಿಗೆ ತಮ್ಮ ಜೋನ್ ಕಬ್ಬಿಣದ ಕಡಲೆ, ತಮ್ಮವರಿಗೆ ನನ್ನವರ ಕಾವಲು ಬಿಡಿಸಲಾರದ ಗಂಟು. ನಮ್ಮೆರಡೂ ತಂಡಗಳು ವರ್ಷವಿಡೀ ಪಟ್ಟಿಯ ತಳದಲ್ಲಿದ್ದದ್ದು ಇದೇ ಕಾರಣಕ್ಕೆ, ತಂತಮ್ಮ ಡಿಫೆನ್ಸ್ ಬಿಟ್ಟು ಬೇರೊಂದನ್ನು ಮುರಿಯುವುದನ್ನು ಎರಡೂ ಕಲಿತೇ ಇರಲಿಲ್ಲ. ಹತ್ತು ಹುಡುಗಿಯರು ಚೆಂಡನ್ನು ಹಿಡಿದುಕೊಂಡು ದಿಕ್ಕು ತೋಚದೆ ನಿಂತರು. ಅಂಕಫಲಕದವರು ಕೈಕಟ್ಟಿ ಕೂತು ಆಕಳಿಸಿದರು. ಅಧ್ಯಕ್ಷರು, ಆಹಾ, ಎಂಥ ರಕ್ಷಣೆ ಎಂದು ಮತ್ತೆ ಎದ್ದು ನಿಂತರು. ಟೈಮ್‌ಔಟ್‌ನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನನ್ನ ಕ್ಯಾಪ್ಟನ್ ಕೈಮುಗಿದು, "ಮೇಡಮ್, ಏನೂ ಹೇಳ್ಬೇಡಿ, ಬರೀ ನೀರು ಕೊಡಿ ಸಾಕು" ಎಂದಳು. ಕೊಟ್ಟೆ.

ಕೊನೆಗೆ ತಾವು ಒಂದೇ ಒಂದು ಅಂಕದಿಂದ ಮುಂದಿದ್ದಿರಿ, ಗಡಿಯಾರದಲ್ಲಿ ಉಳಿದದ್ದು ನಾಲ್ಕು ಉಸಿರು. ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ತಮ್ಮ ತಲೆಯಲ್ಲಿ ನನ್ನ ಸಲಹೆ ಇನ್ನೂ ಕುಣಿಯುತ್ತಿತ್ತೋ ಏನೋ, ಕೊನೆಯ ಟೈಮ್‌ಔಟ್‌ನಲ್ಲಿ ಮತ್ತೆ ಮ್ಯಾನ್-ಟು-ಮ್ಯಾನ್ ಎಂದು ಆಜ್ಞೆ ಹೊರಡಿಸಿದಿರಿ. ತಮ್ಮ ತಂಡದಲ್ಲೇ ಎತ್ತರದವಳಾದ ತಮ್ಮ ಮಗಳನ್ನು, ಮೂಲೆಯಲ್ಲಿ ನಿಂತಿದ್ದ ನಮ್ಮ ಚೋಟುವಿಗೆ ಅಂಟಿಸಿ, ಏನೇ ಆದರೂ ಇವಳನ್ನು ಬಿಟ್ಟು ಕದಲಬೇಡ ಎಂದಿರಿ. ನನ್ನ ಕ್ಯಾಪ್ಟನ್ ತನ್ನ ಬೆನ್ನು ಹತ್ತಿದವಳನ್ನು ತಪ್ಪಿಸಿ ಒಳಗೆ ನುಗ್ಗಿದಾಗ ರಿಂಗಿನ ಮುಂದೆ ಯಾರೂ ಇರಲಿಲ್ಲ. ಆಗ ತಮ್ಮ ಮಗಳು ಚೋಟುವನ್ನು ಬಿಟ್ಟು ಎರಡೇ ಹೆಜ್ಜೆಗೆ ರಿಂಗಿನ ಕೆಳಗೆ ಬಂದು, ಯಾರನ್ನೂ ಮುಟ್ಟದೆ, ಚೆಂಡನ್ನು ಮಾತ್ರ ಅಂಗೈಯಿಂದ ಆಚೆ ತಳ್ಳಿದಳು. ಸೀಟಿ ಮೊಳಗಿತು. ಹಾಲ್ ತಮ್ಮದಾಯಿತು. ಎದುರಾಳಿಯಾಗಿ ನನ್ನ ಎದೆ ಒಡೆಯಿತು, ಅವಳ ಚಿಕ್ಕಮ್ಮನಾಗಿ ಕೂಗಿಕೊಳ್ಳುವಷ್ಟು ಖುಷಿಯಾಯಿತು, ಎರಡೂ ಸುಳ್ಳಲ್ಲ.

ಈಗ ನನ್ನ ದೂರಿಗೆ ಬರುತ್ತೇನೆ. ಇಲ್ಲಿಯವರೆಗೆ ಬರೆದದ್ದು ಪೀಠಿಕೆ. ಹಾಲ್ ಹೋದದ್ದು ನನ್ನ ಪೆದ್ದುತನಕ್ಕೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಗೆಲ್ಲಿಸಿಕೊಟ್ಟ ಆ ಮಗುವಿನ ಬಳಿಗೆ ತಾವು ದಾಪುಗಾಲು ಹಾಕಿ ಬಂದು, ಬೆನ್ನು ತಟ್ಟುತ್ತೀರೆಂದು ಅವಳು ಮುಖವರಳಿಸಿ ನಿಂತಿದ್ದಾಗ, ಎರಡೂ ತಂಡಗಳ ಎದುರು, "ಬಿಡ್ಬೇಡ ಅಂದ್ನಲ್ಲ, ಯಾಕೆ ಬಿಟ್ಟೆ? ಪಾಸ್ ಆ ಚೋಟೂಗೆ ಹೋಗಿದ್ರೆ ಏನ್ ಮಾಡ್ತಿದ್ದೆ?" ಎಂದು ಗುಡುಗಿದಿರಲ್ಲ, ಅದು ನನ್ನ ದೂರು. ಅವಳು "ಹೋಗ್ಲಿಲ್ವಲ್ಲಪ್ಪಾ" ಎಂದಳು, ಬಹಳ ಮೆಲ್ಲಗೆ. ಹೋಗಿದ್ದರೆ ಎಂದು ತಾವು ಮತ್ತೆ ಶುರುಮಾಡಿದಿರಿ. ಅವಳು ಬೂಟಿನ ಲೇಸು ಬಿಚ್ಚಿ, ಬೂಟನ್ನು ಕೈಯಲ್ಲಿ ಹಿಡಿದುಕೊಂಡು ಕಾಲುಚೀಲದಲ್ಲೇ ಹೊರಗೆ ನಡೆದಳು. ಹಿಂದೆಯೇ ಹೋದದ್ದು ನಮ್ಮ ಚೋಟು. ತಾವು ಮಾತ್ರ ರೆಫರಿಯ ಕೈಕುಲುಕುತ್ತಿದ್ದಿರಿ. ನನಗೆ ಸಿಟ್ಟು ಬಂತು ಭಾವ, ಈಗಲೂ ಇಳಿದಿಲ್ಲ.

ಆದ ಕಾರಣ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳು. ಬೇಡದ ಕಡೆ ಬ್ರೇಕ್ ಒತ್ತುವ ತಮ್ಮ ಬಲಗಾಲನ್ನು ಪಂದ್ಯದ ದಿನಗಳಲ್ಲಿ ದಯವಿಟ್ಟು ಮನೆಯಲ್ಲೇ ಬಿಟ್ಟುಬರಬೇಕು. ಜೋನ್‌ನಲ್ಲಿ ತಮಗಿರುವ ಶ್ರದ್ಧೆಯನ್ನು ಮನೆಯಲ್ಲೂ ತೋರಿಸಿ, ಸೋಫಾದ ಎಡತುದಿಯೊಂದನ್ನೇ ಕಾಯುವ ಬದಲು ಅಡುಗೆಮನೆ, ಬಟ್ಟೆ ಒಣಗಿಸುವ ಹಗ್ಗ ಮತ್ತು ಕಸದ ಬುಟ್ಟಿಯ ಸುತ್ತಮುತ್ತಲಿನ ಪ್ರದೇಶವನ್ನೂ ತಮ್ಮ ಜಾಗದೊಳಗೆ ಸೇರಿಸಿಕೊಳ್ಳಬೇಕು. ಅಲ್ಲಿ ಇಷ್ಟು ವರ್ಷ ಅಕ್ಕ ಒಬ್ಬಳೇ ಬಿಡುವಿಲ್ಲದೆ ಮ್ಯಾನ್-ಟು-ಮ್ಯಾನ್ ಆಡುತ್ತಿದ್ದಾಳೆ. ಸೀಟಿ ಮೊಳಗಿದ ಆ ಕ್ಷಣವನ್ನು ಸಮಿತಿಯವರ ನೆರವಿನಿಂದ ಹಿಂದಕ್ಕೆ ತರಿಸಿ, ಅದೇ ಮರದ ನೆಲದ ಮೇಲೆ, ಅದೇ ಜನರ ಎದುರು, ಅಷ್ಟೇ ಗಟ್ಟಿ ದನಿಯಲ್ಲಿ "ಭೇಷ್ ಮಗಳೇ" ಎನ್ನಬೇಕು. ಕಡೆಯದು ಆಗದ ಮಾತೆಂದು ಬಲ್ಲೆ. ಆಗುವುದಾಗಿದ್ದರೆ ಇಷ್ಟುದ್ದ ಬರೆಯುತ್ತಲೇ ಇರಲಿಲ್ಲ.

ಅಕ್ಕನ ಮುಖ ನೋಡಿಕೊಂಡು ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ತಮ್ಮ ನಾದಿನಿ,
ಕೋಚ್, ಪಾರ್ಕಿಂಗ್ ಜಾಗ

ಮತ್ತೆ ಒಂದು ಮಾತು: ಸೋಮವಾರದಿಂದ ತಮ್ಮ ಮಗಳು ಅಭ್ಯಾಸಕ್ಕೆ ಬರುತ್ತಿಲ್ಲವೆಂದು ತಾವು ಕಂಡಕಂಡವರನ್ನು ಕೇಳುತ್ತಿರುವಿರಂತೆ. ಗಾಬರಿಪಡಬೇಡಿ, ಹಾಲ್‌ನ ಹಿಂದಿನ ಬಾಗಿಲು ತೆರೆದರೆ ಕಾಣುತ್ತಾಳೆ. ಅಕ್ಕ ತಾನೇ ಸಹಿ ಹಾಕಿ ಅವಳನ್ನು ನಮ್ಮ ತಂಡಕ್ಕೆ ಸೇರಿಸಿ ಹೋದಳು. ಮುಂದಿನ ಲೀಗ್‌ನ ಮೊದಲ ಪಂದ್ಯ ತಮ್ಮೊಂದಿಗೇ ಬಿದ್ದಿದೆ. ಅವಳನ್ನು ತಡೆಯಲು ಜೋನ್ ಒಳ್ಳೆಯದೋ ಮ್ಯಾನ್-ಟು-ಮ್ಯಾನ್ ಒಳ್ಳೆಯದೋ ಎಂಬ ಗೊಂದಲವಿದ್ದರೆ ಸಂಕೋಚಪಡದೆ ಕೇಳಿ, ಸಲಹೆ ಕೊಡಲು ನಾನು ಯಾವಾಗಲೂ ಸಿದ್ಧ.