ಏಳನೇ ತಿರುವಿನ ದಿವಂಗತ

ಸತ್ತವನ ಪಾತ್ರವನ್ನು ಜೆರಾಕ್ಸಪ್ಪನ ಕುತ್ತಿಗೆಗೆ ಯಾರೂ ಕಟ್ಟಲಿಲ್ಲ. ಅವನೇ ಬಾಯಿಬಿಟ್ಟು ಕೇಳಿ ತೆಗೆದುಕೊಂಡದ್ದು. ಕಾರಣ ಇಷ್ಟೆ, ಅವನಿಗೆ ಸೂಜಿ ಕಂಡರೆ ಭಯ.

ಜೆರಾಕ್ಸಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರೇನಲ್ಲ. ಬಸ್ ನಿಲ್ದಾಣದ ಎದುರು ಹದಿನೆಂಟು ವರ್ಷ ಜೆರಾಕ್ಸ್ ಮೆಷಿನ್ನಿನ ಪಕ್ಕ ನಿಂತು ನಿಂತು ಸಂಪಾದಿಸಿದ್ದು. ಸೂಜಿಯೊಂದೇ ಅಲ್ಲ, ಅವನಿಗೆ ಏಣಿ ಭಯ, ಕುಕ್ಕರಿನ ಸೀಟಿ ಭಯ, ಹಿಂದಿನಿಂದ ಬರುವ ಸೈಕಲ್ಲಿನ ಭಯ. ಇಂಥ ಮಹಾಶಯನನ್ನು ಕಾರು ರೇಸಿಗೆ ಎಳೆತಂದವನು ಅವನ ಹೆಂಡತಿಯ ತಮ್ಮ. ಅವನು ರೇಸ್ ಕ್ಲಬ್ಬಿನ ಕಾರ್ಯದರ್ಶಿ.

ಊರಾಚೆಯ ಗುಡ್ಡದ ಮೇಲೆ, ಟಾರಿನ ಗಂಧಗಾಳಿ ಇಲ್ಲದ ಮಣ್ಣುದಾರಿಯಲ್ಲಿ ಆ ದಿನ ಆಫ್‌ರೋಡ್ ರೇಸು. ಕಾರು ಜನರ ಮೇಲೆ ನುಗ್ಗಿದರೆ ಹತ್ತು ನಿಮಿಷದೊಳಗೆ ಗಾಯಾಳುಗಳನ್ನೆಲ್ಲ ಸಾಗಿಸಬಲ್ಲೆವು ಎಂದು ಕ್ಲಬ್ಬಿನವರು ಸುರಕ್ಷತಾ ಅಧಿಕಾರಿಯ ಕಣ್ಣೆದುರು ಮಾಡಿ ತೋರಿಸಬೇಕು. ಆಗಲೇ ರೇಸಿಗೆ ಒಪ್ಪಿಗೆಯ ರುಜು. ಅದಕ್ಕೊಂದು ಮಾಕ್ ಡ್ರಿಲ್, ಡ್ರಿಲ್ಲಿಗೆ ಹತ್ತು ಜನ ಸುಳ್ಳು ಗಾಯಾಳುಗಳು. ಒಂಬತ್ತು ಜನ ಸಿಕ್ಕಿದ್ದರು.

"ನೀವೇನೂ ಮಾಡೋದು ಬೇಡ ಭಾವ, ಸುಮ್ನೆ ಬಿದ್ಕೊಂಡಿರಿ ಸಾಕು," ಎಂದ ಭಾಮೈದ. "ರಜಾ ದಿನ ಮನೇಲಿ ಮಾಡೋದೂ ಅದನ್ನೇ ತಾನೆ?"

ಬೆಳಿಗ್ಗೆ ಎಂಟಕ್ಕೆ ಕ್ಲಬ್ಬಿನ ಡೇರೆಯಲ್ಲಿ ನರ್ಸಮ್ಮ ಚೀಟಿ ಹಂಚುತ್ತಿದ್ದಳು. ಕೆಂಪು ಚೀಟಿಯೆಂದರೆ ಜೀವಕ್ಕೆ ಅಪಾಯ, ಮೊದಲು ಎತ್ತುವುದು. ಹಳದಿಯವರು ಸ್ವಲ್ಪ ಕಾಯಬಹುದು. ಹಸಿರಿನವರು ನಡೆದು ಹೋಗುವವರು. ಅವಳ ಪಕ್ಕದ ತಟ್ಟೆಯಲ್ಲಿ ಸಾಲಾಗಿ ಸಿರಿಂಜುಗಳನ್ನು ಕಂಡು ಜೆರಾಕ್ಸಪ್ಪನ ನಾಲಿಗೆ ಒಣಗಿತು.

"ನಿಜವಾಗ್ಲೂ ಚುಚ್ತೀರಾ ಸಿಸ್ಟರ್?"

"ಚುಚ್ಚಲ್ಲ. ಹತ್ರ ತಂದು ತೋರಿಸ್ತೀವಿ ಅಷ್ಟೆ."

"ಹತ್ರ ಅಂದ್ರೆ ಎಷ್ಟು ಹತ್ರ?"

ನರ್ಸಮ್ಮ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಯಾರೂ ಮುಟ್ಟದೇ ಇರೋ ಅಂಥ ಚೀಟಿ ಯಾವುದೂ ಇಲ್ವಾ?" ಎಂದು ಅವನು ದನಿ ತಗ್ಗಿಸಿ ಕೇಳಿದ.

"ಇದೆಯಲ್ಲ, ಕಪ್ಪು. ಅದು ತೀರ್ಕೊಂಡಿರೋರಿಗೆ. ಅವರ ತಂಟೆಗೆ ಯಾರೂ ಹೋಗಲ್ಲ. ಬದುಕಿರೋರನ್ನೆಲ್ಲ ಸಾಗಿಸಿ ಆದ್ಮೇಲೆ ಕೊನೇಲಿ ಎತ್ತೋದು."

"ಅದನ್ನೇ ಕೊಟ್ಬಿಡಿ ತಾಯಿ," ಎಂದು ಜೆರಾಕ್ಸಪ್ಪ ಎರಡೂ ಕೈ ಚಾಚಿದ.

ಒಂಬತ್ತಕ್ಕೆ ಎಲ್ಲರನ್ನೂ ಏಳನೇ ತಿರುವಿಗೆ ಒಯ್ದು ಅಲ್ಲಲ್ಲಿ ಮಲಗಿಸಿದರು. ನಡುವೆ ಯಾರದಾದರೂ ಫೋನು ಹಾಡಿದರೆ ಆಭಾಸವೆಂದು ಭಾಮೈದ ಎಲ್ಲರ ಫೋನುಗಳನ್ನು ಚೀಲಕ್ಕೆ ತುಂಬಿಕೊಂಡ. ಜೆರಾಕ್ಸಪ್ಪನಿಗೆ ಸಿಕ್ಕಿದ್ದು ತಿರುವಿನ ಹೊರಬದಿಯ ಒಂದು ತಗ್ಗು. ಕಪ್ಪು ಚೀಟಿಯನ್ನು ಎದೆಗೆ ಸಿಕ್ಕಿಸಿಕೊಂಡು, ತಲೆಯಡಿ ಕರ್ಚೀಫು ಹಾಸಿಕೊಂಡು, ಅವನು ಹಾಯಾಗಿ ಸತ್ತ.

ಅಧಿಕಾರಿ ಸೀಟಿ ಊದಿ ಗಡಿಯಾರ ಒತ್ತಿದರು. ಆಂಬುಲೆನ್ಸು ಕೂಗುತ್ತ ಬಂತು. ಸ್ಟ್ರೆಚರಿನವರಲ್ಲಿ ಒಬ್ಬ ದಢೂತಿ ಆಸಾಮಿ ಕೆಂಪು ಚೀಟಿಯವನತ್ತ ಓಡುವ ಭರದಲ್ಲಿ ತಗ್ಗಿಗೆ ಹಾರಿದ. ಅವನ ಬೂಟುಗಾಲು ಜೆರಾಕ್ಸಪ್ಪನ ಎಡಗಾಲಿನ ಹರಡಿನ ಮೇಲೆ ಇಳಿಯಿತು. ಲಟಕ್ಕೆಂದಿತು.

"ಅಯ್ಯಯ್ಯೋ, ಸತ್ತೆ!"

"ಗೊತ್ತು ಸಾರ್, ಸುಮ್ನೆ ಮಲ್ಕೊಳ್ಳಿ," ಎಂದು ಅವನು ಓಡಿಯೇಬಿಟ್ಟ.

ಹಿಂದೆಯೇ ಬಂದ ನರ್ಸಮ್ಮನ ಕಡೆಗೆ ಜೆರಾಕ್ಸಪ್ಪ ಕೈ ಚಾಚಿದ. "ಸಿಸ್ಟರ್, ನಿಜವಾಗ್ಲೂ ಕಾಲು ಹೋಯ್ತು! ಈ ಚೀಟಿ ಬೇಡ, ಹಳದಿ ಕೊಡಿ!"

"ಒಂದ್ಸಲ ತೀರ್ಕೊಂಡ ಮೇಲೆ ಹಳದಿ ಹೇಗ್ರೀ ಕೊಡ್ಲಿ?" ಎಂದು ಅವಳು ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಅಧಿಕಾರಿಗಳು ನೋಡ್ತಿದಾರೆ. ಕಣ್ಣು ಮುಚ್ಚಿ."

ಮೃತರು ಮಾತಾಡಿದ್ದನ್ನು ಅಧಿಕಾರಿ ಪುಸ್ತಕದಲ್ಲಿ ಬರೆದುಕೊಂಡರು. ದಿಬ್ಬದ ಮೇಲಿಂದ ಭಾಮೈದ ಭಾವನಿಗೆ ದೂರದಿಂದಲೇ ಕೈಮುಗಿದು, ದಯವಿಟ್ಟು ಬಾಯಿ ಮುಚ್ಚಿ ಎಂದು ಸನ್ನೆ ಮಾಡಿದ. ಜೆರಾಕ್ಸಪ್ಪ ಬಾಯಿ ಮುಚ್ಚಿದ. ಕಣ್ಣಿನಿಂದ ನೀರು ಮಾತ್ರ ಇಳಿಯುತ್ತಿತ್ತು.

ಕೊನೆಯ ಗಾಯಾಳು ಆಂಬುಲೆನ್ಸು ಹತ್ತಿದೊಡನೆ ಗಡಿಯಾರ ನಿಂತಿತು. ಎಂಟು ನಿಮಿಷ ಹತ್ತು ಸೆಕೆಂಡು! ಚಪ್ಪಾಳೆಯೋ ಚಪ್ಪಾಳೆ. ಅಷ್ಟರಲ್ಲಿ ಯಾರೋ "ತಿಂಡಿ ಬಂತು!" ಎಂದು ಕೂಗಿದರು. ಎರಡು ನಿಮಿಷದಲ್ಲಿ ತಿರುವು ಖಾಲಿ. ಸತ್ತವನನ್ನು ಕೊನೆಯಲ್ಲಿ ಎತ್ತಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಎತ್ತುವವರು ಯಾರು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ತಿಂಡಿ ಮುಗಿಸಿ ಬಂದಾರು ಎಂದು ಜೆರಾಕ್ಸಪ್ಪ ಕಾದ. ಬರಲಿಲ್ಲ. ಏಳಲು ನೋಡಿದ, ಕಣ್ಣು ಕತ್ತಲೆ ಬಂದು ಹಾಗೇ ಬಿದ್ದ. ಆಗ ಮೈಕು ಸಾರಿತು. ಇನ್ನು ಅರ್ಧ ಗಂಟೆಯಲ್ಲಿ ರೇಸು ಆರಂಭ!

ಅವನ ಎದೆ ಧಸಕ್ಕೆಂದಿತು. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೆದರುತ್ತಿರಲಿಲ್ಲವೋ ಏನೋ. ಆದರೆ ಪ್ರೇಕ್ಷಕರಿಗೆ ಹಂಚುವ ಸುರಕ್ಷತೆಯ ಕರಪತ್ರವನ್ನು ಎರಡು ಸಾವಿರ ಪ್ರತಿ ತೆಗೆದವನು ಅವನೇ. ನಡುವೆ ನಾಲ್ಕು ಸಲ ಕಾಗದ ಸಿಕ್ಕಿಕೊಂಡಾಗ ಬೇರೆ ಕೆಲಸವಿಲ್ಲದೆ ಅದನ್ನು ಪೂರ್ತಿ ಓದಿದ್ದ. ಆ ಊರಿನಲ್ಲಿ ಅದನ್ನು ಓದಿದ ಏಕೈಕ ಮನುಷ್ಯ ಅವನು. ತಿರುವಿನ ಹೊರಬದಿಯಲ್ಲಿ ನಿಲ್ಲಬಾರದು, ತಗ್ಗಿನಲ್ಲಿ ನಿಲ್ಲಬಾರದು, ಕೂರಬಾರದು, ಮಲಗಲಂತೂ ಕೂಡದು. ಒಂದೊಂದೇ ನಿಯಮ ನೆನಪಾದಂತೆ ಅವನ ಬೆನ್ನಿನಲ್ಲಿ ಚಳಿ ಏರತೊಡಗಿತು. ಅವನು ಬಿದ್ದಿದ್ದ ಜಾಗ ಒಂದು ನಿಯಮವನ್ನೂ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಜನರ ಸದ್ದಾಯಿತು. ಸದ್ಯ, ಬದುಕಿದೆ ಅಂದುಕೊಂಡ. ಬಂದವರು ಪ್ರೇಕ್ಷಕರು. ಅಡ್ಡ ಕಟ್ಟಿದ್ದ ಪಟ್ಟಿಯನ್ನು ಒಬ್ಬ ಎತ್ತಿ ಹಿಡಿದ, ಅವನೂ ಸೇರಿ ನಲವತ್ತು ಜನ ಅದರಡಿ ನುಸುಳಿ, ಅವನ ಸುತ್ತಲೇ ಟಾರ್ಪಾಲು ಹಾಸಿ, ಮಡಚುವ ಕುರ್ಚಿ ಬಿಡಿಸಿ ಕೂತರು. ಎದುರು ಬದಿಯಲ್ಲಿ ಕಾವಲಿಗಿದ್ದ ಸ್ವಯಂಸೇವಕ ಸೀಟಿ ಊದುತ್ತ, ಹಿಂದೆ ಹೋಗಿ ಎಂದು ಕೈ ಬೀಸಿದ. ಇವರೂ ಸಂತೋಷದಿಂದ ಕೈ ಬೀಸಿದರು.

ನಿವೃತ್ತ ಹೆಡ್ಮಾಸ್ತರೊಬ್ಬರು ಬಗ್ಗಿ, ಕನ್ನಡಕ ಏರಿಸಿ ಅವನ ಎದೆಯ ಚೀಟಿ ಓದಿದರು. "ಮೃತ. ಹ್ಞೂಂ. ಡ್ರಿಲ್ ಮುಗೀತಲ್ಲಪ್ಪ, ಇನ್ನೂ ಯಾಕೆ ಮಲ್ಗಿದೀಯ?"

"ಕಾಲು ಮುರಿದಿದೆ ಮೇಷ್ಟ್ರೆ. ಇಲ್ಲಿ ಕೂರ್ಬೇಡಿ. ಕಾರು ಜಾರಿದ್ರೆ ನೇರ ಇಲ್ಲಿಗೇ ಬರೋದು. ಕರಪತ್ರದಲ್ಲಿ ಬರ್ದಿದೆ!"

"ಯಾವ ಕರಪತ್ರ?" ಎಂದರು ಹೆಡ್ಮಾಸ್ತರು. ಅದರ ಮೇಲೇ ಅವರು ಕೂತಿದ್ದರು.

ಬಣ್ಣದ ಕೊಡೆ ಹಿಡಿದ ದಪ್ಪ ಹೆಂಗಸೊಬ್ಬಳು ಕುರ್ಚಿಯಿಂದ ಮೆಚ್ಚುಗೆ ಸೂಚಿಸಿದಳು. "ಎಷ್ಟು ಚೆನ್ನಾಗಿ ನರಳ್ತಾರೆ ನೋಡಿ, ಪಾಪ. ಪಾತ್ರದೊಳಗೇ ಇಳಿದುಬಿಟ್ಟಿದಾರೆ."

ಗ್ಯಾರೇಜಿನವನೊಬ್ಬ ಮಾತ್ರ ಕನಿಕರಪಟ್ಟು ತನ್ನ ಫೋನು ಕೊಟ್ಟ. ಜೆರಾಕ್ಸಪ್ಪನಿಗೆ ಬಾಯಿಪಾಠವಿದ್ದದ್ದು ಹೆಂಡತಿಯ ನಂಬರೊಂದೇ.

"ನಾನು ಕಣೇ. ಏಳನೇ ತಿರುವಲ್ಲಿ ಬಿದ್ದಿದೀನಿ. ನಿನ್ನ ತಮ್ಮನಿಗೆ ಹೇಳಿ ಯಾರನ್ನಾದ್ರೂ ಕಳ್ಸು!"

"ಅವನು ಈಗ ತಾನೆ ಫೋನ್ ಮಾಡಿದ್ದ," ಎಂದಳು ಹೆಂಡತಿ. "ಎಲ್ಲರೂ ಚೆನ್ನಾಗಿ ಮಾಡಿದ್ರಂತೆ, ನೀವೊಬ್ರೇ ಮಧ್ಯೆ ಬಾಯಿ ಹಾಕಿ ಕೆಡಿಸಿದ್ರಂತೆ. ಈಗ ಎದ್ದು ಬಂದು ಅವನ ಮಾನ ಕಳೀಬೇಡಿ. ಅವನು ಹೇಳೋವರೆಗೂ ಹಾಗೇ ಬಿದ್ಕೊಂಡಿರಿ."

ಫೋನು ಕಟ್ಟಾಯಿತು. ಗುಡ್ಡದ ಕೆಳಗೆಲ್ಲೋ ಎಂಜಿನ್ನು ಗರ್ಜಿಸಿತು.

ಮೊದಲ ಕಾರು ಬಂದದ್ದು ಅವನಿಗೆ ಕಾಣಲಿಲ್ಲ. ನೆಲ ನಡುಗಿದ್ದು ಬೆನ್ನಿಗೆ ತಿಳಿಯಿತು. ಮರುಕ್ಷಣ ಜಲ್ಲಿಕಲ್ಲು ಮಳೆಯಂತೆ ಸುರಿಯಿತು. ಜನ ಹೋ ಎಂದು ಕೇಕೆ ಹಾಕಿದರು. ಜೆರಾಕ್ಸಪ್ಪ ಕಿವಿ ಮುಚ್ಚಿಕೊಂಡು, ತನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದ. ಎರಡು ನಿಮಿಷಕ್ಕೆ ಎರಡನೇ ಕಾರು. ಅದು ತಿರುವಿನಲ್ಲಿ ಇನ್ನಷ್ಟು ಹೊರಗೆ ಬಂತು. ಅದರ ಹಿಂಭಾಗ ತಗಲಿ ಪಟ್ಟಿ ಕಟ್ಟಿದ್ದ ಗೂಟ ಕಿತ್ತು ಹಾರಿ ಅವನ ತಲೆಯಿಂದ ಒಂದು ಮಾರು ದೂರದಲ್ಲಿ ಬಿತ್ತು.

"ನೋಡಿದ್ರಾ! ಮುಂದಿನದು ಇನ್ನೂ ಹತ್ರ ಬರತ್ತೆ! ನಿಮ್ಮ ಕಾಲಿಗೆ ಬೀಳ್ತೀನಿ, ಎದ್ದು ದಿಬ್ಬ ಹತ್ತಿ. ನನ್ನನ್ನೂ ಎತ್ಕೊಂಡು ಹೋಗಿ!" ಎಂದು ಅವನು ಎಳೆಮಗುವಿನಂತೆ ಅಳತೊಡಗಿದ. ನಟನೆಯಲ್ಲಿ ಮೂಗು ಸುರಿಯುವುದಿಲ್ಲ. ಆಗ ಮೊದಲ ಬಾರಿಗೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಈ ರಗಳೇಲಿ ರೇಸು ನೋಡೋದು ಹೇಗೆ?" ಎಂದು ಹೆಡ್ಮಾಸ್ತರು ರೇಗಿದರು. "ಎತ್ರಪ್ಪ ಇವನನ್ನ, ದಿಬ್ಬದ ಮೇಲೆ ಬಿಟ್ಟು ಬಂದುಬಿಡೋಣ."

ಗ್ಯಾರೇಜಿನವನೂ ಸೇರಿ ನಾಲ್ಕು ಜನ ಅವನನ್ನು ಟಾರ್ಪಾಲಿನಲ್ಲಿ ಹಾಕಿಕೊಂಡು ಮೂಲೆ ಹಿಡಿದು ಹೆಗಲಿಗೇರಿಸಿದರು. ಧೂಳು ಬೀಳದಿರಲೆಂದು ಗ್ಯಾರೇಜಿನವನು ತನ್ನ ಬಿಳಿ ಟವೆಲನ್ನು ಅವನ ಮುಖದ ಮೇಲೆ ಹೊದಿಸಿದ. ಹೆಡ್ಮಾಸ್ತರು ತಲೆ ತಗ್ಗಿಸಿಕೊಂಡು ದಾರಿ ಬಿಡಿಸುತ್ತ ಮುಂದೆ ನಡೆದರು. ಕಣ್ಣಿಗೆ ಮಣ್ಣು ಬಿದ್ದಿದ್ದ ಕೊಡೆಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹಿಂದೆ ಬಂದಳು. ಮಾತಾಡುವ ಹೆಣ ಇನ್ನೇನು ಹೇಳುತ್ತದೋ ಎಂಬ ಕುತೂಹಲಕ್ಕೆ ಉಳಿದ ಮಂದಿಯೂ ಕುರ್ಚಿ ಬಿಟ್ಟು ಎದ್ದು ಸಾಲಾಗಿ ದಿಬ್ಬ ಹತ್ತಿದರು.

ಕೊನೆಯವನು ಮೇಲೆ ಕಾಲಿಡುವಷ್ಟರಲ್ಲಿ ಮೂರನೇ ಕಾರಿನ ಸದ್ದು. ಬ್ರೇಕು ಕಿರುಚಿತು. ಟವೆಲ್ಲಿನ ಒಳಗೆ ಜೆರಾಕ್ಸಪ್ಪ ಕಣ್ಣು ಬಿಗಿಯಾಗಿ ಮುಚ್ಚಿದ. ಧಡಾರ್!

ಧೂಳು ಇಳಿದಾಗ ಕಾರು ತಗ್ಗಿನಲ್ಲಿ ಚಕ್ರ ಮೇಲೆ ಮಾಡಿ ಬಿದ್ದಿತ್ತು. ಕೊಡೆಯಮ್ಮನ ಕುರ್ಚಿ ಅದರಡಿ ಚಪ್ಪಟೆಯಾಗಿತ್ತು. ನಲವತ್ತು ಜನಕ್ಕೂ ಉಸಿರು ನಿಂತಿತು. ಎಲ್ಲರೂ ತಾವು ಕೂತಿದ್ದ ಜಾಗವನ್ನೇ ನೋಡಿದರು.

"ಇವರಿಲ್ದಿದ್ರೆ ನಾವ್ಯಾರೂ ಇರ್ತಿರ್ಲಿಲ್ಲ," ಎಂದು ಕೊಡೆಯಮ್ಮ ಗೊಳೋ ಎಂದು ಅತ್ತಳು. ಈ ಸಲ ಮಣ್ಣಿಗಲ್ಲ.

ಅಷ್ಟೇ ಸಾಕಾಯಿತು. ಟವೆಲು ಹಾರಿತು, ಟಾರ್ಪಾಲು ಜಾರಿತು, ಜೆರಾಕ್ಸಪ್ಪ ನೇರವಾಗಿ ಗ್ಯಾರೇಜಿನವನ ಹೆಗಲೇರಿದ. ಉಳಿದ ಮೂವರು ಅವನ ನೋವಿನ ಕಾಲಿಗೂ ಬೆನ್ನಿಗೂ ಆಸರೆ ಕೊಟ್ಟರು. ಜಯಕಾರ ಮೊಳಗಿತು. ರೇಸು ನಿಲ್ಲಿಸಿ ಓಡಿಬಂದ ಅಧಿಕಾರಿ ಅವನ ಕೈ ಕುಲುಕಿ, "ಇಂಥವರು ಪ್ರತಿ ತಿರುವಿಗೂ ಒಬ್ಬರು ಬೇಕು ಕಣ್ರೀ," ಎಂದರು. ಭಾಮೈದ "ನಮ್ಮ ಭಾವ, ನಮ್ಮ ಅಕ್ಕನ ಗಂಡ!" ಎಂದು ಸಿಕ್ಕಸಿಕ್ಕವರಿಗೆಲ್ಲ ಪರಿಚಯ ಹೇಳುತ್ತಿದ್ದ. ಜೆರಾಕ್ಸಪ್ಪ ಅಷ್ಟೆತ್ತರದಿಂದ ಕೆಳಗೆ ನೋಡಿದ. ಆಶ್ಚರ್ಯ, ಭಯವಾಗಲಿಲ್ಲ. ಹುಟ್ಟಿದಾಗಿನಿಂದ ಇದೇ ಮೊದಲು.

ಆಗ ಮಗುಚಿದ ಕಾರಿನಿಂದ ಹೊರಬಂದ ಚಾಲಕ ಇಬ್ಬರು ಸ್ಟ್ರೆಚರಿನವರ ಹೆಗಲು ಹಿಡಿದು ದಿಬ್ಬ ಹತ್ತಿ ಬಂದ. ಹದಿನೈದು ವರ್ಷದಿಂದ ಇದೇ ಗುಡ್ಡದಲ್ಲಿ ಗೆಲ್ಲುತ್ತ ಬಂದ ಚಾಂಪಿಯನ್ನು. ಮೈಗೆ ತರಚು ಗಾಯವೂ ಇಲ್ಲ. ಆದರೆ ಮುಖ ಬಿಳಿಚಿತ್ತು.

"ಈ ತಿರುವಲ್ಲಿ ಒಂದು ದಿನಾನೂ ಜಾರಿದವನಲ್ಲ ಸಾರ್," ಎಂದು ಅವನು ಅಧಿಕಾರಿಯ ಎದುರು ಬಿಕ್ಕಿದ. "ಕಣ್ಣು ಮುಚ್ಕೊಂಡು ದಾಟ್ತೀನಿ. ಆದ್ರೆ ಈವತ್ತು ಕೆಳಗಿನ ದಾರೀಲಿ ಬರ್ತಾ ತಲೆ ಎತ್ತಿದ್ರೆ, ನಾಲ್ಕು ಜನ ಹೆಣ ಹೊತ್ಕೊಂಡು ದಿಬ್ಬ ಹತ್ತುತಿದಾರೆ. ಮುಖಕ್ಕೆ ಬಿಳಿ ಬಟ್ಟೆ. ಹಿಂದೆ ಒಬ್ಬ ಅಮ್ಮ ಅಳ್ತಾ ಹೋಗ್ತಿದಾರೆ. ಮುಂದೆ ಹೋದ ಕಾರು ಯಾರನ್ನೋ ಬಲಿ ತಗೊಂಡ್ಬಿಟ್ಟಿದೆ ಅಂತ ಎದೆ ಒಡೆದುಹೋಯ್ತು. ಕೈಕಾಲು ಸ್ವಾಧೀನ ತಪ್ಪಿ ಸಿಕ್ಕಾಪಟ್ಟೆ ಬ್ರೇಕ್ ಒತ್ಬಿಟ್ಟೆ."

ಜಯಕಾರ ನಿಂತಿತು.

ಅಧಿಕಾರಿ ನಿಧಾನವಾಗಿ ಜೇಬಿನಿಂದ ಪುಸ್ತಕ ತೆಗೆದರು. ಭಾಮೈದ ಎರಡು ಹೆಜ್ಜೆ ಹಿಂದೆ ಸರಿದು, ಯಾರದೋ ಬೆನ್ನ ಹಿಂದೆ ಮರೆಯಾದ.

"ರೇಸಿನವರೆಲ್ಲರ ಪರವಾಗಿ ಅವರ ಮನೆಯವರ ಕಾಲಿಗೆ ಬೀಳ್ಬೇಕು ನಾನು," ಎಂದು ಚಾಲಕ ಸುತ್ತ ಕೈಮುಗಿದ. "ದಯವಿಟ್ಟು ಹೇಳಿ, ತೀರ್ಕೊಂಡೋರು ಯಾರು?"

ನಲವತ್ತು ಮುಖಗಳೂ ಒಟ್ಟಿಗೆ ಮೇಲಕ್ಕೆ ತಿರುಗಿದವು. ಅಧಿಕಾರಿಯ ಪೆನ್ನು ಕಾಗದದ ಮೇಲೆ ಕಾದು ನಿಂತಿತ್ತು. ಜೆರಾಕ್ಸಪ್ಪ ಗ್ಯಾರೇಜಿನವನ ತಲೆಗೂದಲನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನಾನೇ," ಎಂದ.

ಅವನ ಕೆಳಗಿದ್ದ ನಾಲ್ವರೂ ಒಟ್ಟಿಗೆ ಪಕ್ಕಕ್ಕೆ ಸರಿದರು.